ಸೆರಗಿನಿಂದ ಒರೆಸಿದ ತಂಬಿಗೆ

ಬಸ್ಸಿನ ಮುಂದಿನ ಸೀಟಿನ ಹೆಂಗಸು ಬಾಟಲಿಯ ಬಾಯಿಯನ್ನು ಸೆರಗಿನಿಂದ ಒರೆಸಿ ಮಗಳಿಗೆ ಕೊಟ್ಟಳು, ಅಯ್ಯೋ ಬೇಡ ಎಂದುಕೊಂಡ ವೈಜನಾಥ ಮುಖ ಕಿಟಕಿಗೆ ತಿರುಗಿಸಿದ, ರಾಜೇಶ್ವರ ದಾಟಿತು, ತಂಗಿಯ ಗಂಡನ ಮನೆಯ ಊರು ಹುಮನಾಬಾದ ಇನ್ನೇನು ಬಂತು — ತಂಗಿ ಜಯಮಾಲಾ ಹೀಗೇ ಒರೆಸುತ್ತಿದ್ದಳು, ಬಸವಕಲ್ಯಾಣದ ಮನೆಗೆ ಯಾರೇ ಬರಲಿ, ತಂಬಿಗೆ ತುಂಬಿ, ಅದರ ಬಾಯಿಯನ್ನು ಒಂದು ಸುತ್ತು ಒರೆಸಿ ಕೊಡುವುದು, ಸಣ್ಣವಳಿದ್ದಾಗ ಫ್ರಾಕಿನ ಅಂಚಿನಿಂದ, ದೊಡ್ಡವಳಾದ ಮೇಲೆ ಸೆರಗಿನಿಂದ — ಅದನ್ನೇ ಕದ್ದನಲ್ಲ ಈ ವೈಜನಾಥ, ಕದ್ದು ತನ್ನ ಪತ್ತೇದಾರಿ ಕಾದಂಬರಿಯ ಕೊಲೆಗಾತಿಗೆ ಕೊಟ್ಟ, ವಿಷ ನೀರಿನಲ್ಲಲ್ಲ, ಸೆರಗಿನ ತುದಿಯಲ್ಲಿ, ಭಲೇ ಎಂದು ತನ್ನ ಬೆನ್ನು ತಾನೇ ತಟ್ಟಿಕೊಂಡಿದ್ದ, ಸುಳಿವು ಓದುಗನ ಕಣ್ಣೆದುರೇ ಇರಬೇಕು, ನೋಡಿದರೆ ಪ್ರೀತಿಯ ಹಾಗೆ ಕಾಣಬೇಕು. ಪ್ರಕಾಶಕ ಪ್ರೇಮಕುಮಾರ ನಿನ್ನೆ ಫೋನು ಮಾಡಿದ, ಸರ್, ಬುಕ್ಕು ಭಾಳ ಓಡಾಕತ್ತದ ರೀ, ಆ ಸೆರಗಿನಾಕಿನ್ನ ಮತ್ತೊಂದು ಬುಕ್ಕಿನಾಗ ತರ್ರಿ, ಇವನು ನೋಡೋಣು ಅಂದ, ಥೂ, ಒಲ್ಲೆ ಅನ್ನಲಿಕ್ಕೆ ಬಾಯಿಗೆ ಏನಾಗಿತ್ತು.

ಪುಸ್ತಕ ಬಂದ ಎರಡೇ ತಿಂಗಳಿಗೆ ಜಯಮಾಲಾಳ ಗಂಡ ಸಂಜೀವಕುಮಾರ ಅಂಗಡಿಯಿಂದ ಬಂದು, ಅವಳ ಕೈಯಿಂದ ನೀರು ಕುಡಿದು, ಕೂತಲ್ಲೇ ಹೋಗಿಬಿಟ್ಟ, ಎದೆಬಡಿತ ನಿಂತಿತು ಎಂದರು ಡಾಕ್ಟರು, ಬರೆದೂ ಕೊಟ್ಟರು, ಆದರೆ ಅತ್ತೆ ಲಲಿತಾಬಾಯಿ ಪುಸ್ತಕ ಓದಿದ್ದರು, ಬರದಾಂವ ಆಕಿ ಸ್ವಂತ ಅಣ್ಣ ರೀ, ತಂಗಿ ಗುಣ ಅಂವಗ ಗೊತ್ತಿರಂಗಿಲ್ಲೇನು. ಆ ಮನೆಯಲ್ಲಿ ಯಾರೂ ಅವಳ ಕೈನೀರು ಮುಟ್ಟುವುದಿಲ್ಲ, ಆರು ತಿಂಗಳಾಯಿತು. ಅದು ಬರೇ ಕಥಿ ರೀ ಅತ್ತಿ, ಎಲ್ಲಾ ಸುಳ್ಳು ರೀ, ಎಂದು ವೈಜನಾಥ ಕೈಮುಗಿದಿದ್ದ. ಸುಳ್ಳಂದ್ರ ಅದರಾಗ ಆಕಿ ಸೆರಗ ಯಾಕ ಬಂತಪಾ? ಕೊನೆಯ ಅಧ್ಯಾಯದಲ್ಲಿ ಎಲ್ಲದಕ್ಕೂ ಉತ್ತರ ಕೊಡುವ ಮನುಷ್ಯ ಚಪ್ಪಲಿ ಮೆಟ್ಟಿ ಬಸ್ ನಿಲ್ದಾಣಕ್ಕೆ ನಡೆದಿದ್ದ.

ಇವತ್ತು ತಂಗಿಯನ್ನು ಕರೆದುಕೊಂಡೇ ಹೋಗುತ್ತೇನೆ, ಬಸ್ಸು ನಿಂತಿತು, ಓಣಿ, ಬಾಗಿಲು, ಎಷ್ಟು ಸೊರಗಿದ್ದಾಳೆ ಹುಡುಗಿ, ಬಾ ಅಣ್ಣಾ, ಕೂಡು. ಮನಿಗಿ ನಡೀ ಜಯಾ, ನಾ ಕರಕೊಂಡು ಹೋಗಾಕ ಬಂದೀನಿ. ಮೊದಲ ನೀರ ಕುಡಿ ಅಣ್ಣಾ. ಒಳಗಿನಿಂದ ತಂಬಿಗೆ ತಂದಳು, ಇವನ ಕಣ್ಣು ಅವಳ ಸೆರಗಿಗೆ ಹೋಯಿತು, ಸೊಂಟಕ್ಕೆ ಬಿಗಿಯಾಗಿ ಸಿಕ್ಕಿಸಿದ್ದಾಳೆ, ಒರೆಸು ತಾಯಿ, ನಿನ್ನ ಕಾಲಿಗೆ ಬೀಳುತ್ತೇನೆ, ಒಂದು ಸಲ ಒರೆಸು — ಅವಳು ತಂಬಿಗೆ ಬಗ್ಗಿಸಿ ಅಂಗೈಗೆ ನೀರು ಸುರುವಿಕೊಂಡಳು, ಇವನಿಗೆ ಕಾಣುವಂತೆ ಕುಡಿದಳು, ನುಂಗಿದಳು, ಒಂದು ಗಳಿಗೆ ಕಾದಳು. ಈಗ ಕುಡಿ ಅಣ್ಣಾ, ನನಗ ಏನೂ ಆಗಿಲ್ಲ ನೋಡು. ನನಗೂನಾ ಜಯಾ, ನನ್ನ ಮುಂದನೂ ಹಿಂಗ ಮಾಡ್ತೀಯಾ? ಬರದಾಂವ ನೀನೇ ಅಲ್ಲೇನು ಅಣ್ಣಾ. ಸಿಟ್ಟಿಲ್ಲ ದನಿಯಲ್ಲಿ, ಸಿಟ್ಟಾದರೂ ಇರಬಾರದಿತ್ತೇ, ತಂಬಿಗೆ ಕೈಗೆ ಬಂತು, ಅದರ ಬಾಯಿಯ ಮೇಲೆ ಸುರುವಿದ ನೀರಿನ ಒಂದು ಹನಿ, ಯಾರೂ ಒರೆಸದ ಹನಿ, ಸೆರಗು ಸೊಂಟದಲ್ಲೇ ಇದೆ, ತಂಬಿಗೆಯ ಬಾಯಿಯ ಮೇಲೆ ಆ ಹನಿ, ಆ ಹನಿ —