ಮೇನ್ ಡ್ರೈವರ್ ಹೆಸರು

ಜಯನಗರ ಒಂಬತ್ತನೇ ಬ್ಲಾಕಿನ ತರಕಾರಿ ಗಾಡಿಯ ಮುಂದೆ ನಿಂತು ಹುರುಳಿಕಾಯಿ ಮುರಿದು ನೋಡುತ್ತಿದ್ದ ಕಾತ್ಯಾಯಿನಿಗೆ ಅದೇ ಬೀದಿಯ ಶಾಂತಾದೇವಿ ಹೇಳಿದ ಮಾತು ಮೊದಲಿಗೆ ತಲೆಗೇ ಹೋಗಲಿಲ್ಲ.

"ನೀವು ಪುಣ್ಯವಂತರು ಬಿಡಿ. ಈ ವಯಸ್ಸಲ್ಲಿ ನಿಮ್ಮೆಜಮಾನ್ರು ಗ್ರೀಸಲ್ಲಿ ಬಾಡಿಗೆ ಕಾರ್ ತಗೊಂಡು, ತಾವೇ ಓಡಿಸ್ಕೊಂಡು ದ್ವೀಪ ಪೂರ್ತಿ ತೋರಿಸ್ತಾರಂತೆ! ವಾಕಿಂಗಿಂದ ಬಂದ ನಮ್ಮನೆಯವರಿಗೆ ಅದೇ ಮಾತು. ಅಲ್ಲಿ ರೋಡಲ್ಲಿ ಬಲಗಡೆ ಹೋಗ್ಬೇಕಲ್ಲ, ಭಯ ಆಗಲ್ವಾ ಅಂದ್ರೆ, 'ಎರಡು ದಿನ, ಅಭ್ಯಾಸ ಆಗುತ್ತೆ' ಅಂದ್ರಂತೆ."

"ಯಾರು ಅಂದ್ರಂತೆ?"

"ಜಯಸಿಂಹ ಅವರೇ. ಮತ್ಯಾರು?"

ಕಾತ್ಯಾಯಿನಿ ಹುರುಳಿಕಾಯಿಯನ್ನು ಗಾಡಿಗೇ ವಾಪಸು ಹಾಕಿದಳು. ಜಯಸಿಂಹ ಅವಳ ಗಂಡ. ಆತ ಕಾರಿನ ಸ್ಟೀರಿಂಗ್ ಮುಟ್ಟಿ ಇಪ್ಪತ್ತೊಂದು ವರ್ಷವಾಗಿತ್ತು. ಎಂಬತ್ತೈದರಲ್ಲಿ ಹಳೇ ಫಿಯಟ್ ಕೊಂಡಾಗ ಇಬ್ಬರೂ ಒಟ್ಟಿಗೇ ಕಲಿತು, ಒಟ್ಟಿಗೇ ಲೈಸೆನ್ಸ್ ತೆಗೆದುಕೊಂಡಿದ್ದರು. ಮರುವಾರವೇ ಕನಕಪುರ ರಸ್ತೆಯಲ್ಲಿ ಆತ ಗಾಡಿಯನ್ನು ಮೈಲಿಗಲ್ಲಿಗೆ ಗುದ್ದಿಸಿ ಕೆಳಗಿಳಿದವನು ಮತ್ತೆ ಆ ಸೀಟಿನಲ್ಲಿ ಕೂತಿರಲಿಲ್ಲ. ಮದುವೆ ಮುಂಜಿಗೆ, ಆತನ ಮೂತ್ರಪಿಂಡದ ಕಲ್ಲು ಕೆರಳಿದಾಗ ಆಸ್ಪತ್ರೆಗೆ, ಅತ್ತೆಯ ಅಸ್ಥಿ ಬಿಡಲು ಶ್ರೀರಂಗಪಟ್ಟಣಕ್ಕೆ, ಎಲ್ಲದಕ್ಕೂ ಕಾರು ಓಡಿಸಿದವಳು ಕಾತ್ಯಾಯಿನಿ. ಮೊದಲು ಫಿಯಟ್, ಈಗ ಝೆನ್.

ಗ್ರೀಸಿನ ಕ್ರೀಟ್ ದ್ವೀಪಕ್ಕೆ ಹೋಗುವ ಯೋಚನೆಯೂ ಅವಳದೇ. ಬಸವನಗುಡಿಯ ಹುಡುಗಿಯರ ಹೈಸ್ಕೂಲಿನಲ್ಲಿ ಮೂವತ್ತಮೂರು ವರ್ಷ ಚರಿತ್ರೆ ಪಾಠ ಹೇಳಿದವಳು ಅವಳು. ಎಂಟನೇ ಕ್ಲಾಸಿನ ಪುಸ್ತಕದಲ್ಲಿ ಆ ದ್ವೀಪದ ಅರಮನೆಯ ಬಗ್ಗೆ ಒಂದೂವರೆ ಪುಟವಿತ್ತು. ಗೂಳಿಯ ಬೆನ್ನ ಮೇಲೆ ಲಾಗ ಹಾಕುವ ಮನುಷ್ಯನ ಚಿತ್ರ ಮಸಿ ಮೆತ್ತಿಕೊಂಡು ಏನೂ ಕಾಣುತ್ತಿರಲಿಲ್ಲ. ಪ್ರತಿ ವರ್ಷ ಅದನ್ನು ಬೋರ್ಡಿನ ಮೇಲೆ ತಾನೇ ಬರೆದು ತೋರಿಸುತ್ತಿದ್ದಳು. ಎರಡು ಸಾವಿರದ ಆರರ ಮೇ ತಿಂಗಳಲ್ಲಿ ನಿವೃತ್ತಳಾದಾಗ ಬರುವ ದುಡ್ಡಿನಲ್ಲಿ ಅಲ್ಲಿಗೆ ಹೋಗುವುದೆಂದು ಜನವರಿಯಲ್ಲೇ ನಿಶ್ಚಯಿಸಿದ್ದಳು. ಟೂರ್ ಬಸ್ಸಿನಲ್ಲಲ್ಲ. ಸ್ವಂತ ಕೈಯಲ್ಲಿ ಕಾರು ಓಡಿಸಿಕೊಂಡು, ಹನ್ನೊಂದು ದಿನ.

ಆರು ತಿಂಗಳಿಂದ ಊಟದ ಮೇಜಿನ ಅರ್ಧ ಭಾಗ ಆ ದ್ವೀಪದ ನಕ್ಷೆಗೆ ಮೀಸಲಾಗಿತ್ತು. ಯಾವ ಊರಿಂದ ಯಾವ ಊರಿಗೆ ಎಷ್ಟು ಕಿಲೋಮೀಟರು, ಭಾನುವಾರ ಯಾವ ಕಡೆ ಪೆಟ್ರೋಲ್ ಬಂಕ್ ಮುಚ್ಚಿರುತ್ತದೆ, ಯಾವ ಘಾಟಿಯಲ್ಲಿ ತಿರುವು ಜಾಸ್ತಿ, ಎಲ್ಲವನ್ನೂ ಇನ್ನೂರು ಪುಟದ ನೋಟ್‌ಬುಕ್ಕಿನಲ್ಲಿ ಬರೆದಿಟ್ಟಿದ್ದಳು. ರಸ್ತೆ ಬೋರ್ಡು ಓದುವುದಕ್ಕೆಂದು ಗ್ರೀಕ್ ಅಕ್ಷರಗಳನ್ನು ಕಲಿತಿದ್ದಳು. ಇಂಗ್ಲಿಷಿನ ಪಿ ಹಾಗೆ ಕಾಣುವುದು ಅಲ್ಲಿ ರ, ಎಚ್ ಹಾಗೆ ಕಾಣುವುದು ಈ. ಅಲ್ಲಿ ಡ್ರೈವರ್ ಎಡಗಡೆ ಕೂರಬೇಕು, ಗೇರು ಬಲಗೈಗೆ ಬರುತ್ತದೆ. ಅದಕ್ಕಾಗಿ ದಿನಾ ಸಂಜೆ ಗೇಟಿನೊಳಗೆ ನಿಂತ ಝೆನ್‌ನ ಎಡಗಡೆ ಸೀಟಿನಲ್ಲಿ ಕೂತು, ಇಲ್ಲದ ಕ್ಲಚ್ಚನ್ನು ಒತ್ತುತ್ತಾ, ಬಲಗೈಯಲ್ಲಿ ಗೇರು ಹಾಕಿ ಅಭ್ಯಾಸ ಮಾಡುತ್ತಿದ್ದಳು. ಜಯಸಿಂಹ ವರಾಂಡದಲ್ಲಿ ಪೇಪರ್ ಹಿಡಿದು ಅದನ್ನು ನೋಡಿ ನಗುತ್ತಿದ್ದ.

ತರಕಾರಿ ಕೊಳ್ಳದೆ ಅವಳು ನೇರ ಹನ್ನೊಂದನೇ ಮೇನಿನ ಟ್ರಾವೆಲ್ಸ್ ಆಫೀಸಿಗೆ ಹೋದಳು. ಅಲ್ಲಿ ಅವರ ಟಿಕೆಟ್ಟು, ವೀಸಾ, ಕಾರು ಎಲ್ಲ ನೋಡಿಕೊಳ್ಳುತ್ತಿದ್ದ ಇಂಚರ ಕಂಪ್ಯೂಟರಿನಲ್ಲಿ ಬುಕಿಂಗ್ ತೆಗೆದು ತೋರಿಸಿದಳು.

"ಮೇನ್ ಡ್ರೈವರ್ ಜಯಸಿಂಹ ಸಾರ್, ಆಂಟಿ. ಹೋದ ವಾರ ಅವರೇ ಬಂದು ಚೇಂಜ್ ಮಾಡಿಸಿದ್ರು. ನಿಮಗೆ ಗೊತ್ತು ಅಂದ್ಕೊಂಡೆ."

"ನನ್ನ ಹೆಸರು ಎಲ್ಲಿ?"

"ಎರಡನೇ ಡ್ರೈವರ್ ಹಾಕ್ಸಿ, ದಿನಕ್ಕೆ ಸ್ವಲ್ಪ ಎಕ್ಸ್‌ಟ್ರಾ ಆಗುತ್ತೆ ಅಂತ ಹೇಳ್ದೆ. ಬೇಡ ಅಂದ್ರು. ಲೇಡೀಸ್‌ಗೆ ಅಲ್ಲಿ ಘಾಟಿ ರೋಡ್ ಕಷ್ಟ ಅಂದ್ರು, ಆಂಟಿ."

ಕಾತ್ಯಾಯಿನಿ ಖಾಲಿ ತರಕಾರಿ ಚೀಲ ಎತ್ತಿಕೊಂಡಳು. ಏನಾದರೂ ಹೇಳಿದರೆ ಅದು ಆ ಹುಡುಗಿಯ ಮೇಲೆ ಬಿದ್ದೀತೆಂದು ಬಾಯಿ ಬಿಗಿಹಿಡಿದು ಎದ್ದು ಬಂದಳು.

ಮನೆಯಲ್ಲಿ ಜಯಸಿಂಹ ಎರಡನೇ ಕಾಫಿಗೆ ಕಾಯುತ್ತಿದ್ದ.

"ಕಾರ್ ಬುಕಿಂಗಲ್ಲಿ ನನ್ನ ಹೆಸರು ಯಾಕೆ ತೆಗೆಸಿದ್ರಿ?"

ಆತ ಕನ್ನಡಕ ತೆಗೆದು ಒರೆಸಿದ. "ಓ, ಅದಾ. ನಿನಗೆ ಸುಮ್ನೆ ಆಯಾಸ ಯಾಕೆ ಅಂತ. ನನ್ನ ಹತ್ರನೂ ಲೈಸೆನ್ಸ್ ಇದೆಯಲ್ಲ, ರಿನ್ಯೂ ಮಾಡಿಸ್ತಾನೇ ಇದ್ದೀನಿ. ಇಂಟರ್‌ನ್ಯಾಷನಲ್ ಪರ್ಮಿಟ್‌ಗೂ ಅರ್ಜಿ ಹಾಕಿದೀನಿ. ಇನ್ನೂ ಎರಡು ತಿಂಗಳು ಟೈಮಿದೆ, ಕೈ ಕೂರುತ್ತೆ."

"ಕೂರುತ್ತಾ? ಸರಿ, ನಾಳೆ ಬೆಳಿಗ್ಗೆ ಕೂರಿಸಿ ತೋರಿಸಿ."

ಮಾರನೆಯ ದಿನ ಆರೂವರೆಗೆ ಅವಳು ಝೆನ್ ತೆಗೆದು ಬನಶಂಕರಿ ಆರನೇ ಸ್ಟೇಜಿಗೆ ಹೊಡೆದಳು. ಅಲ್ಲಿ ಆಗಷ್ಟೇ ಹೊಸ ಬಡಾವಣೆಯ ರಸ್ತೆಗಳಾಗಿದ್ದವು. ಅಗಲವಾದ ಟಾರು, ಎರಡೂ ಕಡೆ ಸೈಟಿನ ಕಲ್ಲುಗಳು, ಅಲ್ಲೊಂದು ಇಲ್ಲೊಂದು ಕಟ್ಟುತ್ತಿದ್ದ ಮನೆ ಬಿಟ್ಟರೆ ನರಪಿಳ್ಳೆ ಇಲ್ಲ. ಅವಳು ಇಳಿದು ಕೀ ಕೊಟ್ಟಳು.

"ಬಲಗಡೆ ಹೋಗ್ಬೇಕು. ಅಲ್ಲಿ ಹಾಗೇ ತಾನೇ."

ನಾಲ್ಕು ಸಲ ಗಾಡಿ ಎಗರಿ ಆಫ್ ಆಯಿತು. ಐದನೇ ಸಲ ಹೊರಟಿತು. ಜಯಸಿಂಹ ಎರಡೂ ಕೈಯಲ್ಲಿ ಸ್ಟೀರಿಂಗನ್ನು ಕೊರಳಪಟ್ಟಿ ಹಿಡಿದ ಹಾಗೆ ಹಿಡಿದಿದ್ದ. ಮೊದಲನೇ ಗೇರಿನಲ್ಲೇ ಇಂಜಿನ್ ಕಿರುಚುತ್ತಿತ್ತು. ತಿರುವು ಬಂತು. ಬ್ರೇಕ್ ಎಂದು ಒತ್ತಿದ್ದು ಬೇರೆಯದನ್ನು. ಝೆನ್ ರಸ್ತೆ ಬಿಟ್ಟು ಅರ್ಧ ಕಟ್ಟಿದ ಮನೆಯ ಮುಂದಿನ ಮರಳು ಗುಡ್ಡೆಯನ್ನು ಹತ್ತಿ, ಮೂಗು ಮೇಲೆ ಮಾಡಿ ನಿಂತಿತು.

ಮರಳು ಜರಡಿ ಹಿಡಿಯುತ್ತಿದ್ದ ಹೆಂಗಸು ಜರಡಿ ಎಸೆದು ಓಡಿಬಂದಳು. ಒಳಗಿಂದ ಮೇಸ್ತ್ರಿ, "ಏನಾಯ್ತು ಮಾರಮ್ಮಾ?" ಎಂದು ಕೂಗಿದ.

"ಏನಿಲ್ಲ, ವಯಸ್ಸಾದೋರು ಕಾರ್ ಕಲೀತಾವ್ರೆ," ಎಂದು ಅವಳು ತಿರುಗಿ ಕೂಗಿದಳು. ಆಮೇಲೆ ಕಿಟಕಿಗೆ ಬಗ್ಗಿ, "ಅಮ್ಮಾ, ಪೆಟ್ಟಾಗಿಲ್ಲ ತಾನೇ? ಸಾರ್‌ಗೆ ಈ ವಯಸ್ಸಲ್ಲಿ ಇವೆಲ್ಲ ಯಾಕ್ ಬೇಕಿತ್ತು?" ಎಂದಳು.

ಬೇರೆ ದಿನವಾಗಿದ್ದರೆ ಕಾತ್ಯಾಯಿನಿ ನಗುತ್ತಿದ್ದಳು. ಆ ಹೆಂಗಸು ಹೋಗುವ ತನಕ ಕಾದಳು.

"ಈ ಗಾಡಿ ಕ್ಲಚ್ಚೇ ಸರಿ ಇಲ್ಲ," ಎಂದ ಜಯಸಿಂಹ.

"ಕ್ಲಚ್ ಸರಿ ಇದೆ. ನಿಜ ಹೇಳಿ. ಅಲ್ಲಿ ಹೋಗಿ ಏನ್ ಮಾಡ್ಬೇಕು ಅಂತಿದ್ರಿ?"

ಆತ ಮುಂದಿನ ಗಾಜಿನಾಚೆ ಕಾಣುವ ಬರೀ ಮರಳನ್ನು ನೋಡುತ್ತಾ ಮೆಲ್ಲಗೆ ಹೇಳಿದ. "ಕೌಂಟರಲ್ಲಿ ಸೈನ್ ಮಾಡಿ ಕೀ ಇಸ್ಕೊಳೋದು ನಾನು. ಆಚೆ ಬಂದ್ಮೇಲೆ ನೀನೇ ಓಡ್ಸು ಅಂತಿದ್ದೆ. ಅಲ್ಲಿ ಯಾರು ನೋಡ್ತಾರೆ? ಎರಡು ಫೋಟೋ ಮಾತ್ರ ನಾನು ಸ್ಟೀರಿಂಗ್ ಹಿಡಿದಿರೋ ಹಾಗೆ..."

"ನನ್ನ ಹೆಸರಿಲ್ಲದ ಕಾರನ್ನ ನಾನು ಓಡಿಸಿ, ಯಾರಿಗಾದ್ರೂ ಗುದ್ದಿದ್ರೆ? ಇನ್ಶೂರೆನ್ಸ್ ಕೊಡ್ತಾರಾ? ಮೂವತ್ತೈದು ವರ್ಷ ಇನ್ಶೂರೆನ್ಸ್ ಆಫೀಸಲ್ಲಿ ಕೂತೋರು ನೀವು! ಪರದೇಶದಲ್ಲಿ ನಾನು ಜೈಲಿಗೆ ಹೋದ್ರೂ ಪರವಾಗಿಲ್ಲ, ನಿಮ್ಮ ಫೋಟೋ ಬರಬೇಕು!"

"ಹಾಗಲ್ಲ ಕಾತಿ. ಪಾರ್ಕಲ್ಲಿ ಎಲ್ಲರೂ ಕೇಳ್ತಾರೆ. ಹೆಂಡ್ತಿ ಓಡಿಸ್ತಾಳೆ, ನಾನು ಪಕ್ಕದಲ್ಲಿ ಕೂತಿರ್ತೀನಿ ಅಂತ ಹೇಗೆ ಹೇಳ್ಲಿ? ಗಂಡಸಿಗೆ ಅದು..."

ಆ ಅರ್ಧ ಮಾತು ಕೇಳಿದ್ದೇ ಕಾತ್ಯಾಯಿನಿಗೆ ಲಾಲ್‌ಬಾಗ್ ರಸ್ತೆಯ ಟೈಲರ್ ಅಂಗಡಿ ಮೂಲೆ ಕಣ್ಣ ಮುಂದೆ ಬಂತು. ಹದಿನೇಳು ವರ್ಷ, ಸ್ಕೂಲಿಗೆ ಹೋಗುವ ಮುಂಚೆ ಅವಳು ಆತನನ್ನು ಆಫೀಸಿಗೆ ಬಿಟ್ಟು ಹೋಗುತ್ತಿದ್ದಳು. ಆಫೀಸಿನ ಗೇಟಿಗೆ ಅಲ್ಲ, ಆ ಮೂಲೆಗೆ. ಎರಡು ನಿಮಿಷ ನಡೆದರೆ ತಿಂಡಿ ಅರಗುತ್ತದೆ ಎನ್ನುತ್ತಿದ್ದ. ಜೋರು ಮಳೆಯಲ್ಲೂ ಅಲ್ಲೇ ಇಳಿದು, ಕೊಡೆ ಬಿಚ್ಚಿ ನಡೆದುಕೊಂಡು ಹೋಗುತ್ತಿದ್ದ. ಒಂದು ಸಲ, ನೆನೆಯುತ್ತೀರಿ, ಗೇಟಿಗೇ ಬಿಡುತ್ತೇನೆ ಎಂದಾಗ ಆತ ರೇಗಿದ್ದು ನೆನಪಾಯಿತು. ಎಂಥಾ ಶಿಸ್ತಿನ ಮನುಷ್ಯ ಎಂದು ಅವಳು ಸ್ಟಾಫ್ ರೂಮಿನಲ್ಲಿ ಹೊಗಳಿಕೊಂಡಿದ್ದಳು.

"ಆ ಟೈಲರ್ ಅಂಗಡಿ ಹತ್ರ ಇಳೀತಿದ್ದದ್ದು ಇದಕ್ಕೇನಾ?"

ಜಯಸಿಂಹ ಹ್ಯಾಂಡ್‌ಬ್ರೇಕ್ ಎಳೆದ.

"ನಾನು ಬಿಟ್ಟು ಹೋಗೋದು ಯಾರಿಗೂ ಕಾಣಬಾರದು ಅಂತ! ಹದಿನೇಳು ವರ್ಷ! ಬಸ್ಸಲ್ಲಿ ಬಂದೆ ಅಂತ ಹೇಳ್ತಿದ್ರಾ? ಆಟೋಲಿ ಅಂತಿದ್ರಾ? ಹೇಳಿ!"

"ಆಗ ಕಾಲ ಹಾಗಿತ್ತು..."

"ಇಳೀರಿ."

"ಕಾತಿ—"

"ಇಳೀರಿ ಕೆಳಗೆ. ಗಾಡಿ ಹಿಂದಕ್ಕೆ ತೆಗೀಬೇಕು."

ಆತ ಇಳಿದ. ಮಾರಮ್ಮ ಚಕ್ರದ ಕೆಳಗಿನ ಮರಳನ್ನು ಸಲಿಕೆಯಿಂದ ಎಳೆದುಕೊಟ್ಟಳು. ಕಾತ್ಯಾಯಿನಿ ಒಂದೇ ಸಲಕ್ಕೆ ಗಾಡಿಯನ್ನು ರಸ್ತೆಗೆ ಇಳಿಸಿದಳು. ಆತನನ್ನು ಹತ್ತಿಸಿಕೊಂಡು ಮನೆಗೆ ಬಂದಳು. ಹತ್ತು ಗಂಟೆಗೆ ಇಂಚರಳ ಆಫೀಸು ತೆಗೆಯುವುದನ್ನೇ ಕಾದಿದ್ದು, ಮೇನ್ ಡ್ರೈವರ್ ಜಾಗಕ್ಕೆ ತನ್ನ ಹೆಸರು ಹಾಕಿಸಿ, ಹೊಸ ಕಾಗದ ಪ್ರಿಂಟ್ ಮಾಡಿಸಿಕೊಂಡು ಬಂದು ಮೇಜಿನ ಮೇಲಿಟ್ಟಳು.

"ಒಂದೇ ಒಂದು ಕೇಳ್ತೀನಿ," ಎಂದಳು. "ಪರಮಶಿವಯ್ಯನವರಿಗೆ ಹೋಗಿ ನಿಜ ಹೇಳಿ. ಕಾರ್ ಓಡಿಸೋಳು ನನ್ನ ಹೆಂಡ್ತಿ ಅಂತ. ಅಷ್ಟೇ ಸಾಕು."

ಪರಮಶಿವಯ್ಯ ಎಂದರೆ ಶಾಂತಾದೇವಿಯ ಗಂಡ, ಜಯಸಿಂಹನ ವಾಕಿಂಗ್ ಜೊತೆಗಾರ. ಜಯಸಿಂಹ ಎರಡು ವಾರ ಇವತ್ತು ನಾಳೆ ಎಂದು ತಳ್ಳಿ, ಕೊನೆಗೆ ಒಂದು ಭಾನುವಾರ ಗಂಡ ಹೆಂಡತಿ ಇಬ್ಬರನ್ನೂ ಕಾಫಿಗೆ ಕರೆದ. ಕಾತ್ಯಾಯಿನಿ ಉಪ್ಪಿಟ್ಟು ಕೇಸರಿಬಾತು ಮಾಡಿದಳು. ಸಿಟ್ಟು ಇಳಿದಿರಲಿಲ್ಲ. ಆದರೂ ಕೊನೆಗೂ ಹೇಳಲು ಹೊರಟಿದ್ದಾರಲ್ಲ ಎಂದು ಮನಸ್ಸು ಒಂದಿಷ್ಟು ಮೆತ್ತಗಾಗಿತ್ತು.

ಅಡುಗೆಮನೆಯಲ್ಲಿ ಕಾಫಿ ಬಗ್ಗಿಸುತ್ತಿದ್ದಾಗ ಹಾಲಿನಿಂದ ಆತನ ದನಿ ಕೇಳಿತು.

"ಏನ್ ಮಾಡೋದು ಪರಮಶಿವಯ್ಯನವರೇ, ಅಲ್ಲಿ ರೂಲ್ಸ್ ಭಾಳ ಸ್ಟ್ರಿಕ್ಟು. ಅರವತ್ತು ದಾಟಿದೋರಿಗೆ ಬಾಡಿಗೆ ಕಾರ್ ಕೊಡಲ್ವಂತೆ. ನನಗೆ ಅರವತ್ತೆರಡು ನೋಡಿ. ಅದಕ್ಕೇ ಇವಳ ಹೆಸರಲ್ಲಿ ಮಾಡಿಸ್ಬೇಕಾಯ್ತು. ಇಲ್ದೇ ಇದ್ರೆ ನಾನೇ..."

"ಛೆ ಛೆ, ಅನ್ಯಾಯ," ಎಂದರು ಪರಮಶಿವಯ್ಯ.

ಕಾತ್ಯಾಯಿನಿ ಲೋಟಗಳನ್ನು ಅಲ್ಲೇ ಬಿಟ್ಟು ಹಾಲಿಗೆ ಬಂದಳು.

"ಅಂಥ ರೂಲ್ಸ್ ಏನೂ ಇಲ್ಲ," ಎಂದಳು. ದನಿ ಏರಿಸಲಿಲ್ಲ. ಹಿಂದಿನ ಬೆಂಚಿನ ತನಕ ಕೇಳಿಸುವ ಮೇಷ್ಟ್ರ ದನಿ ಅದು, ಏರಿಸುವ ಅಗತ್ಯವೂ ಇರಲಿಲ್ಲ. "ಇವರಿಗೆ ಕಾರ್ ಓಡಿಸೋಕೆ ಬರಲ್ಲ. ಯಾವತ್ತೂ ಬಂದಿಲ್ಲ. ಇಪ್ಪತ್ತೊಂದು ವರ್ಷದಿಂದ ಇವರನ್ನ ಎಲ್ಲಾ ಕಡೆ ಕರ್ಕೊಂಡು ಹೋಗಿರೋಳು ನಾನು. ಅಲ್ಲೂ ನಾನೇ ಓಡಿಸೋಳು. ಪ್ಲಾನ್ ಮಾಡಿದೋಳೂ ನಾನೇ."

ಪರಮಶಿವಯ್ಯ ತಟ್ಟೆಯಲ್ಲಿ ಉಳಿದ ಉಪ್ಪಿಟ್ಟನ್ನು ನೋಡತೊಡಗಿದರು. ಶಾಂತಾದೇವಿ ಮೇಜಿನ ಕಡೆ ಕೈ ಮಾಡಿ, "ಆ ಕೆಂಪು ಗೆರೆ ನೀವು ಹೋಗೋ ದಾರಿನಾ?" ಎಂದು ಕೇಳಿದಳು. ಕಾತ್ಯಾಯಿನಿ ಆಕೆಯನ್ನು ನಕ್ಷೆಯ ಹತ್ತಿರ ಕರೆದೊಯ್ದು, ವಿಮಾನ ಇಳಿಯುವ ಇರಾಕ್ಲಿಯೋದಿಂದ ಹಿಡಿದು ಒಂದೊಂದೇ ಊರನ್ನು ತೋರಿಸಿದಳು.

ಅವರು ಹೋದ ಮೇಲೆ ಜಯಸಿಂಹ ಬಾಗಿಲ ಚಿಲಕ ಹಾಕಿ ತಿರುಗಿದ. "ನನ್ನ ಮರ್ಯಾದೆ ತೆಗೆದೆ. ನಾನು ಬರಲ್ಲ. ನೀನೇ ಹೋಗು."

ಹೀಗೆ ಅಂದರೆ ಅವಳು ಬೇಡಿಕೊಳ್ಳುತ್ತಾಳೆ ಎಂದು ಆತ ಎಣಿಸಿದ್ದು ಮುಖದಲ್ಲೇ ಕಾಣುತ್ತಿತ್ತು. ಮೂವತ್ತು ವರ್ಷದ ಸಂಸಾರದಲ್ಲಿ ಎಷ್ಟೋ ಸಲ ಹಾಗೆ ಬೇಡಿಕೊಂಡೂ ಇದ್ದಳು.

"ಸರಿ," ಎಂದಳು.

ಸೋಮವಾರ ಬೆಳಿಗ್ಗೆ ಆತನ ಟಿಕೆಟ್ ರದ್ದು ಮಾಡಿಸಿದಳು. ಆಮೇಲೆ ಗಿರಿನಗರಕ್ಕೆ ಹೋಗಿ ನಾದಿನಿ ಸೀತಾಲಕ್ಷ್ಮಿಯ ಬಾಗಿಲು ತಟ್ಟಿದಳು. ಜಯಸಿಂಹನ ತಂಗಿ ಆಕೆ, ಟೆಲಿಫೋನ್ಸಿನಲ್ಲಿದ್ದು ನಿವೃತ್ತಳಾಗಿದ್ದಳು. ಮದುವೆ ಮಾಡಿಕೊಂಡಿರಲಿಲ್ಲ. ಸಿಂಗಪುರಕ್ಕೆ ಹೋಗಿಬಂದ ಪಾಸ್‌ಪೋರ್ಟ್ ಇತ್ತು. ನಡೆದದ್ದನ್ನೆಲ್ಲ ಕೇಳಿಸಿಕೊಂಡು, "ಅಣ್ಣ ಚಿಕ್ಕಂದಿನಿಂದ ಹಾಗೇ, ಅತ್ತಿಗೆ. ಸೈಕಲ್ ಕಲಿತಿದ್ದೂ ಇಲ್ಲ, ಬರಲ್ಲ ಅಂದಿದ್ದೂ ಇಲ್ಲ," ಎಂದಳು. ಆಮೇಲೆ, "ಚಟ್ನಿಪುಡಿ ಎಷ್ಟು ಕೆಜಿ ತಗೋಬಹುದು?" ಎಂದು ಕೇಳಿದಳು.

ಸೆಪ್ಟೆಂಬರ್ ಕೊನೆಯಲ್ಲಿ ಅವರಿಬ್ಬರು ಹೊರಟಾಗ ಜಯಸಿಂಹ ಸೂಟ್‌ಕೇಸನ್ನು ಟ್ಯಾಕ್ಸಿಯ ತನಕ ತಂದುಕೊಟ್ಟ. ಮಾತ್ರೆ ಇಟ್ಕೊಂಡಿದ್ದೀಯಾ ಎಂದು ಕೇಳಿದ. ಹೂಂ ಎಂದಳು. ಬೇರೆ ಏನಾದರೂ ಹೇಳುತ್ತಾನೇನೋ ಎಂದು ಟ್ಯಾಕ್ಸಿಯ ಗಾಜು ಇಳಿಸಿಕೊಂಡೇ ಇದ್ದಳು. ಆತ ಗೇಟು ಮುಚ್ಚಿ ಒಳಗೆ ಹೋದ.

ಇರಾಕ್ಲಿಯೋದ ವಿಮಾನ ನಿಲ್ದಾಣದಲ್ಲಿ ಕೌಂಟರಿನವನು ಕಾಗದ ನೋಡಿ, ಅವಳ ಹೆಸರನ್ನು ಎರಡು ಸಲ ತಪ್ಪಾಗಿ ಓದಿ, ಬಿಳೀ ಪುಟ್ಟ ಕಾರಿನ ಕೀ ಕೊಟ್ಟ. ಬಲಗೈ ತಾನಾಗಿ ಗೇರನ್ನು ಹುಡುಕಿಕೊಂಡಿತು. ಮೊದಲ ದಿನ ಅರಮನೆ, ಮ್ಯೂಸಿಯಂ ನೋಡಿದರು. ಗೂಳಿಯ ಚಿತ್ರ ಅವಳು ಬೋರ್ಡಿನ ಮೇಲೆ ಬರೆಯುತ್ತಿದ್ದದ್ದಕ್ಕಿಂತ ಎಷ್ಟೋ ಚೆಲುವಾಗಿತ್ತು. ಎರಡನೇ ದಿನ ಘಾಟಿ ಹತ್ತಿದರು. ಒಂದು ತಿರುವಿನಾಚೆ ಸಮುದ್ರ ಇದ್ದಕ್ಕಿದ್ದಂತೆ ಪೂರ್ತಿ ಕಾಣಿಸಿತು.

ಕಾತ್ಯಾಯಿನಿ ಕಾರನ್ನು ರಸ್ತೆಯಲ್ಲೇ ನಿಲ್ಲಿಸಿಬಿಟ್ಟಳು.

"ಈ ಜಾಗದಲ್ಲಿ ಹತ್ತು ನಿಮಿಷ ಅಂತ ನೋಟ್‌ಬುಕ್ಕಲ್ಲಿ ಬರ್ಕೊಂಡಿದ್ದೆ, ಸೀತಾ. ಫ್ಲಾಸ್ಕಲ್ಲಿ ಕಾಫಿ, ಅವರಿಗೆ ಸಕ್ಕರೆ ಇಲ್ದೆ," ಎಂದಳು. ಸ್ಟೀರಿಂಗಿಗೆ ಅಂಗೈಯಿಂದ ಒಂದು ಹೊಡೆದಳು. ಇನ್ನೊಂದು ಹೊಡೆದಳು. "ಪಕ್ಕದಲ್ಲಿ ಸುಮ್ನೆ ಕೂತ್ಕೊಂಡು ಬನ್ನಿ ಅಂತ ತಾನೇ ಕೇಳಿದ್ದು? ಅಷ್ಟೂ ಆಗ್ಲಿಲ್ಲ ಆ ಮನುಷ್ಯನಿಗೆ! ಇಷ್ಟು ದೂರ ಬಂದೆ, ಸಿಟ್ಟು ಮಾತ್ರ ಇಳೀಲೇ ಇಲ್ಲ."

ಕಣ್ಣಲ್ಲಿ ನೀರು ಬಂದದ್ದು ಅವಳನ್ನು ಇನ್ನಷ್ಟು ರೇಗಿಸಿತು. ಹಿಂದಿನಿಂದ ಲಾರಿಯೊಂದು ಉದ್ದಕ್ಕೆ ಹಾರ್ನ್ ಹೊಡೆಯಿತು.

"ಇಳೀದಿದ್ರೆ ಇರಲಿ ಬಿಡಿ, ಅತ್ತಿಗೆ," ಎಂದಳು ಸೀತಾಲಕ್ಷ್ಮಿ, ನೋಟ್‌ಬುಕ್ಕಿನ ಪುಟ ಮಗುಚುತ್ತಾ. "ಮೊದಲು ಗಾಡಿ ತೆಗೀರಿ. ಮುಂದೆ ಬಲಕ್ಕೆ ಅಂತ ಬರೆದಿದೀರಿ."

ಕಾತ್ಯಾಯಿನಿ ಸೆರಗಿನಿಂದ ಮೂಗೊರೆಸಿಕೊಂಡು ಗೇರು ಹಾಕಿದಳು.