ಬೆಲ್ಲದ ಪಾರ್ಸೆಲ್ಲೂ ನಂಜಮ್ಮಕ್ಕನ ಹುಳುಮನೆಯೂ

ಕಸ ಗುಡಿಸಿ ಹಿತ್ತಲಿಗೆ ತಳ್ಳುವುದು, ಕಡ್ಡಿ ಗೀರಿ ಬೆಂಕಿ ಇಡುವುದು, ಕೈ ಒರೆಸಿಕೊಂಡು ಒಳಗೆ ಬಂದು ಕಾಫಿ ಕುಡಿಯುವುದು. ನಮ್ಮ ಸತ್ತೇಗಾಲದಲ್ಲಿ ಇದನ್ನು ಯಾರೂ ತಪ್ಪು ಅಂದುಕೊಂಡಿರಲಿಲ್ಲ. ನಾನೂ ಅಂದುಕೊಂಡಿರಲಿಲ್ಲ. ಆ ಬೆಂಕಿಯಿಂದ ಪಕ್ಕದ ಮನೆಯಲ್ಲಿ ಏನಾಯಿತು ಅನ್ನುವುದನ್ನು ನಾನೇ ಹೇಳಬೇಕು. ಯಾಕೆಂದರೆ ಬೆಂಕಿ ಇಟ್ಟವನು ನಾನು.

ನನ್ನ ಹೆಸರು ಗುರುಪಾದಸ್ವಾಮಿ. ಎರಡೆಕರೆ ಕಬ್ಬು, ಊರಾಚೆ ಗದ್ದೆಯಲ್ಲಿ ಒಂದು ಆಲೆಮನೆ ಇದೆ. ಅಪ್ಪನ ಕಾಲದಿಂದ ಅಚ್ಚು ಬೆಲ್ಲ ಮಾಡಿ ಕೊಳ್ಳೇಗಾಲದ ಅಂಗಡಿಗಳಿಗೆ ಹಾಕುತ್ತಿದ್ದೆವು. ಮೂರು ವರ್ಷದ ಹಿಂದೆ ಮಗಳು ದಿವ್ಯ ನಮ್ಮ ಬೆಲ್ಲದ ಫೋಟೋ ತೆಗೆದು ಫೋನಿನಲ್ಲಿ ಹಾಕಿದಳು. ಮೈಸೂರು, ಬೆಂಗಳೂರಿನಿಂದ ಆರ್ಡರ್ ಬರತೊಡಗಿದವು. ಔಷಧಿ ಹಾಕದ ಬೆಲ್ಲ ಅಂತ ಜನ ಕೇಳಿ ಕೇಳಿ ತರಿಸಿಕೊಂಡರು. ನನಗೂ ಸ್ವಲ್ಪ ಕೊಂಬು ಬಂತು ಅನ್ನಿ.

ಮೊದಮೊದಲು ಒಂದು ಪಾರ್ಸೆಲ್ ದಾರಿಯಲ್ಲಿ ಒಡೆದು ಪುಡಿಯಾಯಿತು. ತರಿಸಿಕೊಂಡವರು ಅದರ ಫೋಟೋ ಕಳಿಸಿ, ‘ಇದು ಬೆಲ್ಲವೋ ಮಣ್ಣೋ?’ ಅಂತ ಕೇಳಿದರು. ಆ ಮಾತು ನನಗೆ ನಾಟಿತು. ಅವತ್ತಿನಿಂದ ನಾನೇ ಕೂತು ಕಟ್ಟತೊಡಗಿದೆ. ಬೆಲ್ಲಕ್ಕೆ ಪ್ಲಾಸ್ಟಿಕ್ ಕವರ್, ಅದರ ಮೇಲೆ ಮೂರು ಸುತ್ತು ಗುಳ್ಳೆ ಕವರ್, ಸುತ್ತಲೂ ಥರ್ಮಾಕೋಲ್, ಇಷ್ಟುದ್ದದ ರಟ್ಟಿನ ಪೆಟ್ಟಿಗೆ, ಮೇಲೆ ಟೇಪು, ಟೇಪಿನ ಮೇಲೆ ಟೇಪು. ಒಂದು ಕೇಜಿ ಬೆಲ್ಲಕ್ಕೆ ಒಂದು ಮಗು ಮಲಗುವಷ್ಟು ದೊಡ್ಡ ಪೆಟ್ಟಿಗೆ! ಹೆಂಡತಿ ಶಿವರತ್ನಮ್ಮ ನೋಡಿ ನಗುತ್ತಿದ್ದಳು.

"ಬೆಲ್ಲ ಕಳಿಸ್ತಿದ್ದೀರೋ, ಬಾಂಬ್ ಕಳಿಸ್ತಿದ್ದೀರೋ?"

"ನಿಂಗ ಗೊತ್ತಿಲ್ಲ ಸುಮ್ಕಿರು. ಇನ್ನ ಒಬ್ಬ ಕಸ್ಟಮರೂ ಬಾಯಿ ತಗೀಬಾರ್ದು," ಅನ್ನುತ್ತಿದ್ದೆ.

ಬಾಯಿ ತೆಗೆಯಲಿಲ್ಲ, ನಿಜ. ಆದರೆ ಕತ್ತರಿಸಿ ಉಳಿದ ಗುಳ್ಳೆ ಕವರ್, ಥರ್ಮಾಕೋಲ್ ಚೂರು, ಟೇಪಿನ ಸಿಕ್ಕು ದಿನಕ್ಕೊಂದು ಮಂಕರಿ, ಅಂದರೆ ದೊಡ್ಡ ಬುಟ್ಟಿ ತುಂಬ ಬೀಳುತ್ತಿತ್ತು. ಬೆಲ್ಲದ ಪಾಕ ಮೆತ್ತಿದ ಪ್ಲಾಸ್ಟಿಕ್‌ಗೆ ಇರುವೆ ಮುತ್ತುತ್ತಿತ್ತು. ಪಂಚಾಯ್ತಿಯ ಕಸದ ಆಟೋ ವಾರಕ್ಕೆ ಎರಡು ಸಲ ಬರುತ್ತದೆ, ನಮ್ಮೂರಿನ ಕೋಮಲಳೇ ಅದನ್ನು ಓಡಿಸುವುದು. ಪ್ಲಾಸ್ಟಿಕ್ ತೊಳೆದು, ಒಣಗಿಸಿ, ಬೇರೆ ಇಟ್ಟು ಕೊಡಿ ಅಂತ ಅವಳು ಹೇಳಿದ್ದಳು. ತೊಳೆಯುವವರು ಯಾರು? ನಾನು ಎಲ್ಲವನ್ನೂ ಹಿತ್ತಲಿನ ಗುಂಡಿಗೆ ಸುರಿದು, ಗುಂಡಿ ತುಂಬಿದಾಗ ಸುಟ್ಟುಬಿಡುತ್ತಿದ್ದೆ. ಮೊದಲು ತಿಂಗಳಿಗೊಮ್ಮೆ, ಹೋದ ವರ್ಷ ಆರ್ಡರ್ ಹೆಚ್ಚಾದ ಮೇಲೆ ವಾರಕ್ಕೊಮ್ಮೆ.

ನಮ್ಮ ಹಿತ್ತಲಿನ ಗೋಡೆಯ ಆಚೆಗೆ ಶಿವನಂಜಮ್ಮನವರ ಹುಳುಮನೆ. ಊರೆಲ್ಲ ಅವರನ್ನು ನಂಜಮ್ಮಕ್ಕ ಅಂತ ಕರೆಯುತ್ತದೆ. ಅವರೂ ಗಂಡ ಮಹದೇವಣ್ಣನೂ ಇಪ್ಪತ್ತು ವರ್ಷದಿಂದ ರೇಷ್ಮೆ ಹುಳ ಸಾಕುತ್ತಿದ್ದಾರೆ. ಒಂದೆಕರೆ ಹಿಪ್ಪುನೇರಳೆ ತೋಟ ಬಿಟ್ಟರೆ ಆ ಮನೆಗೆ ಬೇರೆ ಆಧಾರವಿಲ್ಲ.

ರೇಷ್ಮೆ ಹುಳದ ಸೂಕ್ಷ್ಮ ನಮ್ಮ ಕಡೆಯವರಿಗೆ ಹೇಳಿಕೊಡಬೇಕಾಗಿಲ್ಲ. ಬೀಡಿ ಸೇದಿದವರು ಹುಳುಮನೆಯ ಬಾಗಿಲು ದಾಟುವ ಹಾಗಿಲ್ಲ. ಸೆಂಟು ಹಾಕಿಕೊಂಡವರು ಹತ್ತಿರ ಸುಳಿಯುವ ಹಾಗಿಲ್ಲ. ಕಾಲು ತೊಳೆದೇ ಒಳಗೆ ಹೋಗಬೇಕು. ನಮ್ಮ ಮನೆಯಲ್ಲಿ ಸೋಮವಾರ ಪೂಜೆಗೆ ಸಾಂಬ್ರಾಣಿ ಹಾಕುತ್ತೇವೆ. ಆದರೆ ನಂಜಮ್ಮಕ್ಕನ ಮನೆಯಲ್ಲಿ ಹುಳ ಇದ್ದರೆ ಹಾಕುವುದಿಲ್ಲ, ಊದುಬತ್ತಿಯನ್ನೂ ಹಚ್ಚುವುದಿಲ್ಲ. ನಮ್ಮವ್ವನ ಕಾಲದಿಂದ ನಡೆದುಕೊಂಡು ಬಂದ ಪದ್ಧತಿ ಅದು. ಒಂದು ಸೋಮವಾರವೂ ನಾನು ಅದನ್ನು ತಪ್ಪಿಸಿಲ್ಲ ಅಂತ ಹೆಮ್ಮೆಪಡುತ್ತಿದ್ದೆ.

ಹೋದ ವರ್ಷ ಶ್ರಾವಣ ಕಳೆದ ಮೇಲೆ ನಂಜಮ್ಮಕ್ಕನ ಬೆಳೆ ಕೆಟ್ಟಿತು. ಹುಳ ಮೂರನೇ ಜ್ವರ ಎದ್ದಿದ್ದವು. ಜ್ವರ ಅಂದರೆ ಹುಳ ಮೇವು ಬಿಟ್ಟು ಪೊರೆ ಕಳಚುವ ಹೊತ್ತು. ಎದ್ದ ಮೇಲೆ ಸೊಪ್ಪಿಗೆ ಬೀಳಬೇಕಾದ ಹುಳಗಳು ತಲೆ ಎತ್ತಿ ಆಡಿಸುತ್ತಾ, ಹಸಿರು ನೀರು ಕಕ್ಕಿ ಮುದುರಿಕೊಂಡವು. ರೋಗ ಇರಬೇಕು ಅಂದರು ಎಲ್ಲರೂ. ನಾನೂ ಹೋಗಿ, "ಬುಡಕ್ಕ, ಮುಂದಿನ ಸಲ ಆಯ್ತದ," ಅಂತ ಸಮಾಧಾನ ಹೇಳಿ ಬಂದೆ.

ಅಕ್ಕ ಹುಳುಮನೆಯನ್ನೆಲ್ಲ ತೊಳೆದು, ಸುಣ್ಣ ಹೊಡೆದು, ಔಷಧಿ ಸಿಂಪಡಿಸಿ ಮತ್ತೆ ಮರಿಹುಳ ತಂದರು. ಈ ಸಲ ಹುಳ ನಾಲ್ಕನೇ ಜ್ವರವನ್ನೂ ಮುಗಿಸಿ ಎದ್ದವು. ಇನ್ನು ಒಂದೇ ವಾರ, ಗೂಡು ಕಟ್ಟುವುದೊಂದೇ ಬಾಕಿ. ಆಗ ಮತ್ತೆ ಹಾಗೇ ಆಯಿತು. ತಟ್ಟೆ ತಟ್ಟೆ ಹುಳವನ್ನು ಗಂಡ ಹೆಂಡತಿ ಹೊತ್ತು ತಂದು ತಮ್ಮ ಹಿತ್ತಲಲ್ಲಿ ಗುಂಡಿ ತೋಡಿ ಸುರಿದು ಮಣ್ಣು ಮುಚ್ಚಿದ್ದನ್ನು ನಾನು ಗೋಡೆಯ ಈಚೆಯಿಂದ ನೋಡಿದೆ. ಅಕ್ಕ ಅಳಲಿಲ್ಲ. ಖಾಲಿ ತಟ್ಟೆಗಳನ್ನು ಒಂದೊಂದಾಗಿ ಗೋಡೆಗೆ ಒರಗಿಸಿಟ್ಟರು.

ಮಾರನೇ ದಿನ ಮಹದೇವಣ್ಣ ಸಿಕ್ಕಿ, "ಸೋಮವಾರಕ್ಕ ಜೆಸಿಬಿಗ ಯೋಳಿವ್ನಿ ಸ್ವಾಮಿ. ಗಿಡ ಕೀಳಿಸ್ಬುಡ್ತೀನಿ," ಅಂದರು. "ಇವಳು ನನ್ನ ಕೈಗುಣ ಕೆಟ್ಟೋಯ್ತು, ಇನ್ನ ಉಳ ಮುಟ್ಟಲ್ಲ ಅಂತಾಳ."

ಇಪ್ಪತ್ತು ವರ್ಷದ ತೋಟ! ನನಗೆ ಸಂಕಟವಾಯಿತು. ಆದರೂ ನನಗೇನೂ ಹೊಳೆಯಲಿಲ್ಲ ಅಂದರೆ ನೀವು ನಂಬಬೇಕು.

ಗುರುವಾರ ಬೆಳಿಗ್ಗೆ ಕೋಮಲ ಆಟೋ ನಿಲ್ಲಿಸಿ ನಮ್ಮ ಹಿತ್ತಲಿಗೆ ಬಂದಳು. ಗುಂಡಿಯಲ್ಲಿ ಕರಗಿ ಗಟ್ಟಿಯಾಗಿದ್ದ ಕಪ್ಪು ಮುದ್ದೆಯನ್ನು ಕಡ್ಡಿಯಿಂದ ಎಬ್ಬಿಸಿ ನೋಡಿದಳು.

"ಅಣ್ಣಾ, ಇದ ಯಾವಾಗ ಸುಟ್ರಿ?"

"ಹೋದ ಶನಿವಾರ. ಯಾಕವ್ವ?"

"ನಂಜಮ್ಮಕ್ಕನ ಉಳ ಮೇವು ಬುಟ್ಟಿದ್ದು ಭಾನುವಾರ."

ನನಗೆ ಸಿಟ್ಟು ಬಂತು. "ಏನ್ ಮಾತಾಡ್ತೀಯ ಕೋಮಲ? ನಾ ಸುಟ್ಟಿದ್ದು ನಾಲ್ಕಾರು ಮಂಕರಿ ಕಸ. ಅದರ ಹೊಗೆ ಗೋಡೆ ದಾಟಿ ಹೋಗಿ ಹುಳ ಸಾಯಿಸ್ತದಾ?"

ಅವಳು ದನಿ ಏರಿಸಲಿಲ್ಲ. "ಸಾಂಬ್ರಾಣಿ ಒಂದು ಚಿಟಿಕೆ ಕಣಣ್ಣ. ಅದ ಯಾಕ ನಿಲ್ಸಿದ್ರಿ?"

ದೇವರಿಗೆ ಹಾಕುವ ಹೊಗೆಯನ್ನು ಹುಳಕ್ಕಾಗಿ ನಿಲ್ಲಿಸಿದ್ದೆ. ಪ್ಲಾಸ್ಟಿಕ್ಕಿನ ಕರಿಹೊಗೆಯನ್ನು ಅದೇ ಗೋಡೆಯ ಪಕ್ಕದಲ್ಲೇ ಎಬ್ಬಿಸುತ್ತಿದ್ದೆ. ಅದು ಪೂಜೆಯ ಹೊಗೆ, ಇದು ವ್ಯಾಪಾರದ ಕಸ ಅಂತ ನನ್ನ ತಲೆಯಲ್ಲಿ ಎರಡೂ ಬೇರೆ ಬೇರೆ ಗೂಡಿನಲ್ಲಿ ಇದ್ದವು.

"ಇದ್ರಿಂದ್ಲೇ ಸತ್ತೋ ಅಂತ ನಾ ಬರ್ಕೊಡಾಕಾಗಲ್ಲ," ಅಂದಳು ಕೋಮಲ. "ಆದ್ರ ಪ್ಲಾಸ್ಟಿಕ್ ಹೊಗೆ ವಿಷ ಅಂತ ನಮಗ ಟ್ರೇನಿಂಗಲ್ಲಿ ಯೋಳವ್ರೆ. ಮನ್ಸರ ಎದೆಗೇ ಕೆಟ್ಟದು. ಇನ್ನ ಆ ಉಳ ತಡದಾವಾ? ಹೋದ ಸಲಾನೂ ಈ ಗುಂಡಿ ಹೊಗೀತಿದ್ದದ್ದ ನಾ ಕಂಡಿದ್ದೆ. ಎರಡು ಸಲಾನೂ ನೀವು ಸುಟ್ಟ ಮಾರನೇ ದಿನವೇ ಕೆಟ್ಟದ. ನಾನು ಯಾರಿಗೂ ಯೋಳಲ್ಲ. ನೀವೇ ಯೋಳಿ. ಸೋಮವಾರ ಗಿಡ ಕಿತ್ತ ಮೇಲ ಯೋಳುದ್ರ ಏನು ಬಂತು?"

ಅವಳು ಹೋದ ಮೇಲೆ ಶಿವರತ್ನಮ್ಮನಿಗೆ ಹೇಳಿದೆ. ಅವಳು ಕೈಲಿದ್ದ ಕೆಲಸ ಬಿಟ್ಟು ಎದ್ದಳು. "ನಾನೂ ಕಸ ತುಂಬಿ ಕೊಟ್ಟಿವ್ನಿ. ನಾನೂ ಬತ್ತೀನಿ, ನಡೀರಿ," ಅಂದಳು.

ನಂಜಮ್ಮಕ್ಕ ಜಗಲಿಯಲ್ಲಿ ಕೂತು ಬಿದಿರು ತಟ್ಟೆಗಳನ್ನು ಹಗ್ಗದಲ್ಲಿ ಕಟ್ಟುತ್ತಿದ್ದರು. ಯಾರಿಗೋ ಕೊಟ್ಟುಬಿಡಲು. ನಾನು ನಿಂತುಕೊಂಡೇ ಎಲ್ಲ ಹೇಳಿದೆ. ಪಾರ್ಸೆಲ್ ಕಟ್ಟಿದ್ದು, ಕಸ ಸುಟ್ಟಿದ್ದು, ಸುಟ್ಟ ದಿನ ಯಾವುದು ಅನ್ನುವುದು. ಮಹದೇವಣ್ಣ ಎದ್ದು ನಿಂತು, "ಎರಡು ಬೆಳೆ ಸ್ವಾಮಿ! ಎರಡು ಬೆಳೆ!" ಅಂದವರು ಒಳಗೆ ಹೋದರು.

ಅಕ್ಕ ತಟ್ಟೆ ಕೆಳಗಿಟ್ಟರು.

"ಉಳ ಸತ್ತದ್ದು ಒಂದು ಕಡೆ ಇರ್ಲಿ ಗುರುಪಾದಪ್ಪ. ನಾನು ಉಪ್ಪು ಮುಟ್ಟಿದ ಕೈಲಿ ಸೊಪ್ಪು ಹಾಕುದ್ನಾ, ಕಾಲು ತೊಳೀದೆ ಒಳಗೋದ್ನಾ ಅಂತ ಎರಡು ತಿಂಗಳು ನನ್ನ ಕೈನ ನಾನೇ ಶಪಿಸ್ಕಂಡು ಕೂತಿದ್ನಲ್ಲ. ಅದ ಏನು ಮಾಡಿ ವಾಪಸ್ ಕೊಟ್ಟೀಯಪ್ಪ?"

"ಮುಂದಿನ ಬೆಳೆಗ ಮರಿಹುಳ ನಾ ತಂದ್ಕೊಡ್ತೀನಿ ಅಕ್ಕ. ಗಿಡ ಮಾತ್ರ ಕೀಳಿಸ್ಬ್ಯಾಡ," ಅಂತ ಶಿವರತ್ನಮ್ಮನ ಮುಂದೆಯೇ ಕೈಮುಗಿದೆ.

"ಮರಿ ತಂದ್ಕೊಡು. ಮೊದ್ಲು ಆ ಬೆಂಕಿ ಆರ್ಸು," ಅಂದರು ಅಕ್ಕ. ಜೆಸಿಬಿಯವನಿಗೆ ಬೇಡ ಅಂತ ಅವರೇ ಫೋನು ಮಾಡಿಸಿದರು.

ಬೆಂಕಿ ಆರಿಸುವುದು ಸುಲಭ. ಇನ್ನು ಮೇಲೆ ಕಸವನ್ನೆಲ್ಲ ಕೋಮಲಳ ಆಟೋಗೆ ಹಾಕಿದರಾಯಿತು ಅಂತ ನಾನು ಲೆಕ್ಕ ಹಾಕಿದ್ದೆ. ಅವಳು ಅದನ್ನೂ ಒಪ್ಪಲಿಲ್ಲ.

"ರಟ್ಟು ಕೊಡಿ, ಮಾರಾಟಾಯ್ತದ. ಈ ಟೇಪಿನ ಸಿಕ್ಕು, ಅಂಟು ಮೆತ್ತಿದ ಥರ್ಮಾಕೋಲು ಯಾರೂ ತಕಳಲ್ಲ ಅಣ್ಣ. ನಮ್ಮ ಶೆಡ್ಡಲ್ಲಿ ಗುಡ್ಡ ಬಿದ್ದದ. ಇನ್ನ ಮೈಸೂರಲ್ಲಿ ಪೆಟ್ಟಿಗೆ ಬಿಚ್ಚಿದವ್ರು ಎಲ್ಲಿ ಹಾಕ್ತಾರ? ಕಟ್ಟಾಗಲೇ ಕಮ್ಮಿ ಕಟ್ಟಿ."

"ಕಮ್ಮಿ ಕಟ್ಟುದ್ರ ಒಡೀತದಲ್ಲ," ಅಂದಳು ದಿವ್ಯ. ಅವಳದು ನಿಜವಾದ ಭಯ. ಒಂದು ಪಾರ್ಸೆಲ್ ಒಡೆದರೆ ಜನ ಫೋನಿನಲ್ಲಿ ಬೈದು ಬರೆಯುತ್ತಾರೆ, ಅದನ್ನು ಊರೆಲ್ಲ ಓದುತ್ತದೆ.

"ನಿಮ್ಮ ತಾತ ಕೊಳ್ಳೇಗಾಲಕ್ಕ ಗಾಡೀಲಿ ಬೆಲ್ಲ ಹೊಡೀತಿದ್ದಾಗ ಏನು ಹಾಕ್ತಿದ್ರು?" ಅಂತ ಕೇಳಿದಳು ಕೋಮಲ.

ಕಬ್ಬಿನ ಒಣಸೋಗೆ! ಗದ್ದೆಯಲ್ಲಿ ರಾಶಿ ಬಿದ್ದಿರುತ್ತದೆ, ಅದನ್ನೂ ನಾವು ಅಲ್ಲೇ ಸುಡುತ್ತಿದ್ದೆವು. ಅವತ್ತೇ ಸೋಗೆ ಕತ್ತರಿಸಿ ಪೆಟ್ಟಿಗೆಗೆ ತುಂಬಿ, ಬೆಲ್ಲ ಇಟ್ಟು, ಹನೂರಿನಲ್ಲಿರುವ ತಂಗಿ ಯಶೋದಳಿಗೆ ಕಳಿಸಿ ನೋಡಿದೆವು. ನಾಲ್ಕು ದಿನಕ್ಕೆ ಅವಳ ಫೋನು ಬಂತು.

"ಅಣ್ಣಾ, ಬೆಲ್ಲ ಒಡೆದಿಲ್ಲ. ಆದ್ರ ಸೋಗೆಗ ಬೂಷ್ಟು ಹಿಡ್ದದ."

ನೋಡಿ, ಅಷ್ಟಕ್ಕೇ ಕೈಬಿಡುವವನಿದ್ದೆ. ಶಿವರತ್ನಮ್ಮ ಬಿಡಲಿಲ್ಲ. ಸೋಗೆ ಹಸಿ ಇತ್ತು, ಬೆಲ್ಲವೂ ಬಿಸಿ ಆರಿರಲಿಲ್ಲ ಅಂತ ಅವಳೇ ಕಂಡುಹಿಡಿದಳು. ಈಗ ಸೋಗೆಯನ್ನು ಗಲಗಲ ಅನ್ನುವ ತನಕ ಮೂರು ದಿನ ಬಿಸಿಲಿಗೆ ಹಾಕುತ್ತೇವೆ. ಅಚ್ಚಿನಿಂದ ತೆಗೆದ ಬೆಲ್ಲ ಒಂದು ದಿನ ಪೂರ್ತಿ ಆರಬೇಕು. ಬೆಲ್ಲಕ್ಕೆ ಬಟರ್ ಪೇಪರ್ ಸುತ್ತುತ್ತೇವೆ. ಸುದ್ದಿಪೇಪರ್ ಸುತ್ತಬಾರದು, ಅದರ ಶಾಯಿ ತಿನ್ನುವ ವಸ್ತುವಿಗೆ ಹತ್ತುತ್ತದೆ. ಪೆಟ್ಟಿಗೆ ಬೆಲ್ಲದ ಅಳತೆಗೆ ತಕ್ಕಂತೆ ಇರಬೇಕು, ಒಳಗೆ ಅಲುಗಾಡಲು ಜಾಗವೇ ಇಲ್ಲದಿದ್ದರೆ ಒಡೆಯುವುದಾದರೂ ಹೇಗೆ? ಕೊಳ್ಳೇಗಾಲದ ಅಂಗಡಿಗಳಿಂದ ಹಳೆಯ ರಟ್ಟು ತಂದು ಅದನ್ನೇ ಕತ್ತರಿಸಿ ಪೆಟ್ಟಿಗೆ ಮಾಡುತ್ತೇವೆ. ಪ್ಲಾಸ್ಟಿಕ್ ಟೇಪಿನ ಬದಲು ಅಂಟು ಹಚ್ಚಿದ ಕಾಗದದ ಪಟ್ಟಿ. ದಿವ್ಯ ಅದನ್ನು ಜಗಲಿಯಿಂದ ಮೂರು ಸಲ ಕೆಳಗೆ ಎಸೆದು ಪರೀಕ್ಷೆ ಮಾಡಿದಳು. ಒಡೆಯಲಿಲ್ಲ.

ಇನ್ನೊಂದು ಬದಲಾವಣೆ. ಮೊದಲು ಒಂದೊಂದು ಪಾರ್ಸೆಲ್ ಹಿಡಿದು ದಿನವೂ ಬೈಕಿನಲ್ಲಿ ಕೊಳ್ಳೇಗಾಲದ ಕೊರಿಯರ್‌ಗೆ ಓಡುತ್ತಿದ್ದೆ. ಈಗ ಮಂಗಳವಾರ, ಶುಕ್ರವಾರ ಎರಡೇ ದಿನ, ಎಲ್ಲವನ್ನೂ ಒಂದೇ ಸಲ ಬಸ್ಸಿಗೆ ಹಾಕಿಕೊಂಡು ಹೋಗುತ್ತೇನೆ. ಎರಡು ದಿನ ತಡವಾದೀತು ಅಂತ ದಿವ್ಯ ಮೊದಲೇ ಬರೆದು ತಿಳಿಸುತ್ತಾಳೆ. ಕೆಲವರು ಬೇಡ ಅಂದರು. ಬಹಳ ಜನ ಕಾಯುತ್ತಾರೆ. ಬೆಂಗಳೂರಿನ ಒಬ್ಬ ತಾಯಿ ಸೋಗೆಯನ್ನು ಹೂಕುಂಡಕ್ಕೆ ಹಾಕಿದ್ದೇನೆ ಅಂತ ಬರೆದಿದ್ದರು.

ನಂಜಮ್ಮಕ್ಕನಿಗೆ ಮೂರನೇ ಸಲದ ಮರಿಹುಳ ನಾನೇ ತಂದುಕೊಟ್ಟೆ. ನಾಲ್ಕನೇ ಜ್ವರ ಎದ್ದ ವಾರ ನಮ್ಮ ಮನೆಯಲ್ಲಿ ಯಾರಿಗೂ ಸರಿಯಾಗಿ ಊಟ ಸೇರಲಿಲ್ಲ. ಹುಳ ಸೊಪ್ಪು ತಿಂದವು, ಬಲಿತು ಹಣ್ಣಾದವು, ಗೂಡು ಕಟ್ಟಿದವು. ಅಕ್ಕ ಗೋಡೆಯ ಆಚೆಯಿಂದ, "ಗುರುಪಾದಪ್ಪ, ಉಳ ಗೂಡು ಕಟ್ಟವ ಕಣಪ್ಪ," ಅಂತ ಒಂದೇ ಮಾತು ಕೂಗಿ ಹೇಳಿದರು. ಶಿವರತ್ನಮ್ಮ ಸೆರಗಿನಿಂದ ಕಣ್ಣು ಒರೆಸಿಕೊಂಡಳು.

ಪಾರ್ಸೆಲ್ ಕಳಿಸುವ ಅಣ್ಣಂದಿರೇ, ಅಕ್ಕಂದಿರೇ, ಕೊಳ್ಳೇಗಾಲದಿಂದ ರೇಷ್ಮೆ ಸೀರೆ ಕಳಿಸುವವರಿದ್ದೀರಿ, ಬಿಳಿಗಿರಿರಂಗನ ಬೆಟ್ಟದಿಂದ ಜೇನು ಕಳಿಸುವವರಿದ್ದೀರಿ, ಯಳಂದೂರು, ಹನೂರಿನಿಂದ ಉಪ್ಪಿನಕಾಯಿ, ಹುರಿಹಿಟ್ಟು ಕಳಿಸುವ ಸಂಘದವರಿದ್ದೀರಿ. ನಿಮ್ಮ ಮುಂದೆ ಕೈಮುಗಿದು ಕೇಳುತ್ತೇನೆ. ವಸ್ತುವಿಗೆ ತಕ್ಕ ಪೆಟ್ಟಿಗೆ ಮಾಡಿ. ಪ್ಲಾಸ್ಟಿಕ್ ಬಿಟ್ಟು ಕಾಗದ, ರಟ್ಟು, ಬಟ್ಟೆ, ಒಣಸೋಗೆ, ನಿಮ್ಮೂರಲ್ಲಿ ಸಿಗುವುದನ್ನು ಬಳಸಿ. ಬಿಡಿ ಬಿಡಿಯಾಗಿ ಓಡಾಡದೆ ಒಟ್ಟಿಗೆ ಕಳಿಸಿ. ಉಳಿದ ಪ್ಲಾಸ್ಟಿಕ್ಕನ್ನು ತೊಳೆದು ಒಣಗಿಸಿ ಪಂಚಾಯ್ತಿ ಗಾಡಿಗೆ ಕೊಡಿ. ಏನೇ ಆದರೂ ಸುಡಬೇಡಿ.

ಮೂರು ವರ್ಷ ನಾನು ಕಳಿಸಿದ ಗುಳ್ಳೆ ಕವರ್, ಥರ್ಮಾಕೋಲ್ ಎಷ್ಟೋ ಊರಿಗೆ ಹೋಗಿದೆ. ಅದನ್ನು ಎಲ್ಲಿ ಸುಟ್ಟರೋ, ಆ ಹೊಗೆ ಯಾರ ಮನೆ ಹೊಕ್ಕಿತೋ ನನಗೆ ಗೊತ್ತಿಲ್ಲ. ನಂಜಮ್ಮಕ್ಕನ ಮನೆ ಪಕ್ಕದಲ್ಲೇ ಇತ್ತು, ಹೋಗಿ ತಪ್ಪು ಒಪ್ಪಿಕೊಂಡೆ. ಉಳಿದವರ ಬಾಗಿಲು ಎಲ್ಲಿದೆ ಅಂತ ಹುಡುಕಿಕೊಂಡು ಹೋಗಲಿ?