ಕೈಗೆ ಕಾಲುಚೀಲ

"ಹದಿನಾಲ್ಕು ಮಕ್ಕಳನ್ನ ಈ ಎರಡು ಕೈಲಿ ಎತ್ತಿ ಆಡಿಸಿ ದೊಡ್ಡೋರು ಮಾಡಿದೀನಿ. ಒಂದಕ್ಕಾದ್ರೂ ಒಂದು ಗೀರು ಬಿದ್ದಿದ್ರೆ ನನ್ನ ಹೆಸರು ತೆಗೆದು ನಾಯಿಗಿಡಿ," ಎಂದಳು ಅಜ್ಜಿ, ಅಳುವ ಕೂಸನ್ನು ತೊಟ್ಟಿಲಿನಿಂದ ಎತ್ತಿಕೊಳ್ಳುತ್ತ.

ಬಾಗಿಲ ಬಳಿ ಬೂಟಿನ ದಾರ ಕಟ್ಟುತ್ತಿದ್ದ ಮಗ ತಲೆ ಎತ್ತಲಿಲ್ಲ. "ಹೋದ ವಾರ ಹನ್ನೊಂದು ಅಂದಿದ್ದೆ, ಅಮ್ಮ."

"ಸರಿಯಪ್ಪ, ಅರ್ಧ ಸುಳ್ಳು ಅಂತಲೇ ಇಟ್ಕೋ. ಹೆತ್ತದ್ದು ಮೂರು. ಪಕ್ಕದ ಮನೆಯೋರು ನನ್ನ ಮಡಿಲಿಗೆ ಹಾಕಿ ಹೋಗ್ತಿದ್ದದ್ದು ನಾಲ್ಕು. ಉಳಿದ ಏಳೂ ನಿಮ್ಮಪ್ಪ. ಆ ಮನುಷ್ಯನ್ನ ಸಾಕಿದ್ದಕ್ಕೆ ಏಳು ಕಮ್ಮೀನೇ ಆಯ್ತು."

ಮಗ ನಕ್ಕ. ಅವನು ಸಿಟಿ ಬಸ್ಸಿನ ಡ್ರೈವರು. ಇವತ್ತು ಮಧ್ಯಾಹ್ನದ ಪಾಳಿ. ಅಷ್ಟರೊಳಗೆ ಎರಡೂವರೆ ವರ್ಷದ ಮಗಳ ಕೂದಲು ಕತ್ತರಿಸಿಕೊಂಡು ಬರುತ್ತೇನೆಂದು ಹೊರಟಿದ್ದ. ಮಗಳು ಅವನ ಮೊಣಕಾಲಿಗೆ ಒರಗಿ ನಿಂತಿದ್ದಳು. ಅವಳ ಕಾಲಲ್ಲಿ ಚಪ್ಪಲಿ, ಎರಡೂ ಕೈಯಲ್ಲಿ ನೀಲಿ ಕಾಲುಚೀಲ. ಬಿಚ್ಚಿಕೊಳ್ಳಬಾರದೆಂದು ಮಣಿಕಟ್ಟಿನ ಹತ್ತಿರ ಎಲಾಸ್ಟಿಕ್ಕು ಹಾಕಿ ಹೊಲಿದಿತ್ತು. ಹೊಲಿದದ್ದು ಅಜ್ಜಿಯೇ. ಹೊಲಿಗೆ ಎಷ್ಟು ಗಟ್ಟಿಯೆಂದರೆ, ಅದರಲ್ಲಿ ಆನೆ ಕಟ್ಟಿದ್ದರೂ ಆನೆ ಅತ್ತುಕೊಂಡು ಅಲ್ಲೇ ನಿಲ್ಲುತ್ತಿತ್ತು.

ದೊಡ್ಡವಳನ್ನು ಮನೆಯಲ್ಲಿ ಮೆಣಸು ಎನ್ನುತ್ತಿದ್ದರು, ಗಾತ್ರಕ್ಕೂ ಖಾರಕ್ಕೂ. ಐದು ತಿಂಗಳ ತಮ್ಮ ಬೆಣ್ಣೆ. ಅವನ ಕೆನ್ನೆಯ ಮೇಲೆ ನೊಣ ಕೂತರೂ ಕುಳಿ ಬೀಳುತ್ತದೆ ಎಂದು ಅಜ್ಜಿ ಮಹಡಿಮನೆಯ ಮೂರೂ ಅಂತಸ್ತಿಗೆ ಸಾರಿ ಬಂದಿದ್ದಳು.

ಸೊಸೆಗೆ ಅಂಚೆ ಕಚೇರಿಯಲ್ಲಿ ಬೆಳಗಿನ ಪಾಳಿಯಲ್ಲಿ ಕಾಗದ ವಿಂಗಡಿಸುವ ಕೆಲಸ. ಅವಳು ರಜೆ ಮುಗಿಸಿ ಮತ್ತೆ ಕೆಲಸಕ್ಕೆ ಹೋಗತೊಡಗಿ ಮೂರು ವಾರವಾಗಿತ್ತು. ಮಕ್ಕಳನ್ನು ನೋಡಿಕೊಳ್ಳಲು ಆಳು ಇಡೋಣವೆಂದು ಅವಳು. ಅಮ್ಮ ಇರುವಾಗ ಆಳು ಯಾಕೆಂದು ಮಗ. ಅಜ್ಜಿ ಮಾರನೆಯ ದಿನವೇ ಒಂದು ಚೀಲ ಬಟ್ಟೆ, ಎರಡು ಚೀಲ ಬಡಾಯಿ ತುಂಬಿಕೊಂಡು ಬಂದಿಳಿದಿದ್ದಳು. ಗಂಡ ಹೋದಮೇಲೆ ಒಂಟಿ ಕೋಣೆಯಲ್ಲಿ ಗಡಿಯಾರದ ಜೊತೆ ಜಗಳವಾಡಿಕೊಂಡಿದ್ದವಳಿಗೆ, "ಅಮ್ಮ, ನೀನು ಬೇಕು" ಎಂಬ ಮಾತು ಕೇಳಿ ಹತ್ತು ವರ್ಷ ಉದುರಿದ ಹಾಗಾಗಿತ್ತು. ಹಲ್ಲು ಮಾತ್ರ ಉದುರಿದ್ದು ಉದುರಿದ ಹಾಗೇ.

ಬಂದ ಐದನೆಯ ದಿನಕ್ಕೆ ಬೆಣ್ಣೆಯ ಬಲಗೆನ್ನೆಯಲ್ಲಿ ಮೊದಲ ಗೀರು ಕಂಡಿತು. ಕೂದಲಿನಷ್ಟು ತೆಳ್ಳಗೆ, ಕೆಂಪಗೆ. ಎರಡು ದಿನ ಬಿಟ್ಟು ಇನ್ನೊಂದು. ಕೂಸಿನ ಉಗುರಿರಬೇಕೆಂದು ಸೊಸೆ ಉಗುರು ಕತ್ತರಿಸಿದಳು. ಮಾರನೆಯ ದಿನ ಮೂರನೆಯದು, ಅದೇ ಜಾಗದಲ್ಲಿ.

ಆಗ ಅಜ್ಜಿ ಪತ್ತೇದಾರಿಕೆಗೆ ಇಳಿದಳು. ತಾನು ಕೂಸನ್ನು ಹೆಗಲಿಗೆ ಹಾಕಿ ಬೆನ್ನು ತಟ್ಟುವಾಗೆಲ್ಲ ಮೆಣಸು ಎಲ್ಲಿದ್ದರೂ ಓಡಿ ಬರುತ್ತಾಳೆ. ಕುರ್ಚಿ ಹತ್ತಿಯಾದರೂ ತಮ್ಮನ ಕೆನ್ನೆಗೆ ಕೈ ಹಾಕುತ್ತಾಳೆ. ಇದನ್ನು ಅಜ್ಜಿ ಕಣ್ಣಾರೆ ಕಂಡಿದ್ದಳು. ಕಣ್ಣಾರೆ ಎಂದರೆ, ಕನ್ನಡಕ ಇಲ್ಲದ ಕಣ್ಣಾರೆ. ಕೂಸು ಸಿಕ್ಕಿದ್ದನ್ನೆಲ್ಲ ಎಳೆಯುತ್ತದೆಂದು ಎತ್ತಿಕೊಳ್ಳುವ ಮೊದಲು ಕನ್ನಡಕ ತೆಗೆದು, ದಾರದಲ್ಲಿ ಎದೆಯ ಮೇಲೆ ಇಳಿಬಿಡುವುದು ಅವಳ ಜಾಣತನ. ಆಗ ಹತ್ತಿರದ್ದೆಲ್ಲ ಹೊಗೆ ಮುಸುಕಿದಂತೆ. ಮಸುಕು ಕೈ, ಮಸುಕು ಕೆನ್ನೆ. ಅಷ್ಟೇ ಸಾಕಾಯಿತು.

ಆ ಸಂಜೆ ಅಡಿಗೆಮನೆಯ ಮೇಜಿನ ಮೇಲೆ ಮೆಣಸನ್ನು ಕೂರಿಸಿ ವಿಚಾರಣೆ ನಡೆಯಿತು. ಅಜ್ಜಿ ಕನ್ನಡಕ ಏರಿಸಿಕೊಂಡು ಗೀರನ್ನು ನೋಡಿದಳು, ಮೆಣಸಿನ ಉಗುರನ್ನು ನೋಡಿದಳು, ಕನ್ನಡಕ ಎದೆಗೆ ಇಳಿಬಿಟ್ಟು ಗಂಟಲು ಸರಿಮಾಡಿಕೊಂಡಳು.

"ಪಾಪುಗೆ ಗೀರಿದ್ದು ಯಾರು? ಹೇಳು ನೋಡೋಣ."

ಮೆಣಸಿಗೆ ಬರುತ್ತಿದ್ದದ್ದು ಹತ್ತು ಮಾತು, ಅದರಲ್ಲಿ ಆರು 'ಬೇಡ'. ಅವಳು ಬಾಯಿ ಬಿಡದೆ ಅಜ್ಜಿಯ ಎದೆಯತ್ತ ಕೈ ಚಾಚಿದಳು.

"ನೋಡಿದ್ರಾ, ಎತ್ಕೋ ಅಂತ ನನ್ನನ್ನೇ ಮರುಳು ಮಾಡ್ತಾಳೆ! ಕುಂಬಳಕಾಯಿ ಕಳ್ಳ ಅಂದ್ರೆ ಹೆಗಲು ಮುಟ್ಟಿ ನೋಡ್ಕೊಂಡನಂತೆ. ಈ ಕಳ್ಳಿ ಮುಟ್ಟೋದಕ್ಕೆ ಬರ್ತಿರೋದು ನನ್ನ ಹೆಗಲನ್ನ!"

ಮಗ ಹೊಟ್ಟೆ ಹಿಡಿದು ನಕ್ಕ. ಸೊಸೆಯೂ ನಕ್ಕಳು, ಆಮೇಲೆ ಮಗಳನ್ನು ಮೇಜಿನಿಂದ ಇಳಿಸಿದಳು. ಕಾಲುಚೀಲದ ಉಪಾಯವನ್ನು ಅಜ್ಜಿ ಮುಂದಿಟ್ಟಾಗ, "ಇಷ್ಟು ಚಿಕ್ಕೋಳಿಗೆ ಬೇಕಾ ಅತ್ತೆ?" ಎಂದಿದ್ದಳು. "ಹೊಟ್ಟೆಕಿಚ್ಚು ಕಣೆ, ಮೊಳಕೇಲೇ ಚಿವುಟಬೇಕು. ಹದಿನಾಲ್ಕು ಸಾಕಿದೋಳ ಮಾತು ಕೇಳು," ಎಂದು ಅಜ್ಜಿ ಸೂಜಿಗೆ ದಾರ ಪೋಣಿಸಿದ್ದಳು.

ಇವತ್ತಿಗೆ ಮೂರನೆಯ ದಿನ. ಕಾಲುಚೀಲದಲ್ಲೇ ಮೆಣಸು ಬ್ರೆಡ್ಡು ಹಿಡಿಯಲು ಹೋಗಿ ಬೀಳಿಸುತ್ತಿದ್ದಳು. ಬಿದ್ದದ್ದನ್ನು ಎರಡು ಕೈಯ ನಡುವೆ ಒತ್ತಿ ಹಿಡಿದು ತಿನ್ನುತ್ತಿದ್ದಳು, ಕರಡಿಮರಿಯ ಹಾಗೆ. ಮೂರು ದಿನವೂ ಕೂಸಿನ ಕೆನ್ನೆಗೆ ಹೊಸ ಗೀರಿಲ್ಲ. ಸೊಸೆ ದಿನಾ ಕೆಲಸದಿಂದ ಬಂದವಳೇ ಮೊದಲು ಕೆನ್ನೆ ನೋಡಿ, ಆಮೇಲೆ ಅತ್ತೆಯನ್ನು ನೋಡುತ್ತಿದ್ದಳು. ಆ ನೋಟದಲ್ಲಿ ಒಂದಿಷ್ಟು ಗೌರವ ಹುಟ್ಟಿದ್ದನ್ನು ಅಜ್ಜಿ ಕನ್ನಡಕ ಇಲ್ಲದೆಯೂ ಕಂಡಿದ್ದಳು.

ಬಾಗಿಲು ಹಾಕಿಕೊಂಡಿತು. ಅಪ್ಪ ಮಗಳು ಮೆಟ್ಟಿಲಿಳಿದ ಸದ್ದು ಕೆಳಗೆ ಕರಗಿತು. ಅಜ್ಜಿ ಬೆಣ್ಣೆಯನ್ನು ಹೆಗಲಿಗೆ ಹಾಕಿ, ಕಿಟಕಿಯಿಂದ ಅಡಿಗೆಮನೆಗೆ, ಅಡಿಗೆಮನೆಯಿಂದ ಕಿಟಕಿಗೆ ನಡೆದಳು. ಈ ಮೂರು ದಿನ ಶೀತವೆಂದು ಎದೆಗೆ ದಪ್ಪ ಶಾಲು ಹೊದ್ದಿದ್ದಳು. ಇವತ್ತು ಬಿಸಿಲೆಂದು ತೆಗೆದು ಕುರ್ಚಿಗೆ ಹಾಕಿದ್ದಳು. ತಟ್ಟಿದಳು, ಗುನುಗಿದಳು. ಕೂಸು ಒಮ್ಮೆ ಚಿಟ್ಟನೆ ಚೀರಿತು. "ಏನಿಲ್ಲ ರಾಜ, ಗಾಳಿ, ಹೊಟ್ಟೇಲಿ ಗಾಳಿ," ಎಂದು ಇನ್ನಷ್ಟು ಒತ್ತಿ ಹಿಡಿದಳು. ಇನ್ನೊಂದು ಸಲ ಚೀರಿ, ಬಿಕ್ಕಿ, ನಿದ್ದೆ ಹೋಯಿತು.

ತೊಟ್ಟಿಲಲ್ಲಿ ಮಲಗಿಸಿ, ದೃಷ್ಟಿಯಾಗುವಷ್ಟು ನೋಡೋಣವೆಂದು ಕನ್ನಡಕ ಹಾಕಿಕೊಂಡಳು.

ಬಲಗೆನ್ನೆಯಲ್ಲಿ ಹೊಸ ಗೀರು. ತುದಿಯಲ್ಲಿ ಸಾಸಿವೆಯಷ್ಟು ರಕ್ತ.

"ಲೇ ಮೆಣಸು!" ಎಂದು ಅಜ್ಜಿ ಗದರಿದಳು.

ಖಾಲಿ ಮನೆ ಆ ಗದರಿಕೆಯನ್ನು ಹಾಗೇ ಅವಳಿಗೇ ಹಿಂತಿರುಗಿಸಿತು. ಮೆಣಸು ಈಗ ಎರಡು ಬೀದಿಯಾಚೆ ಕ್ಷೌರದ ಕುರ್ಚಿಯಲ್ಲಿದ್ದಾಳೆ. ಕೈಗೆ ಕಾಲುಚೀಲ ಬೇರೆ.

ಅಜ್ಜಿ ತೊಟ್ಟಿಲ ಬಟ್ಟೆ ಕೊಡವಿದಳು. ದಿಂಬು ಸವರಿದಳು. ಇರುವೆ ಹುಡುಕಿದಳು, ಒಂದೇ ಒಂದು ಇರುವೆ ಸಿಕ್ಕಿದ್ದರೆ ಅದನ್ನು ಮುದ್ದಿಟ್ಟುಕೊಳ್ಳುತ್ತಿದ್ದಳು. ತನ್ನ ಉಗುರು ನೋಡಿಕೊಂಡಳು, ಅಂಗಿಯ ಗುಂಡಿಗಳನ್ನು ಒಂದೊಂದಾಗಿ ಮುಟ್ಟಿದಳು. ಎಲ್ಲ ನುಣ್ಣಗಿತ್ತು. ಸೋತು ಕೂತು, ಬೆವರು ಒರೆಸಿಕೊಳ್ಳಲು ಕನ್ನಡಕ ತೆಗೆದಳು. ತೆಗೆಯುವಾಗ ಅದರ ಕಡ್ಡಿ ಅವಳ ಕೆನ್ನೆಗೆ ಸವರಿ, ಚುರ್ ಎಂದಿತು.

ಕಡ್ಡಿಯ ತಿರುಪು ಬಿದ್ದುಹೋಗಿ ಮೂರು ವರ್ಷ. ಅಂಗಡಿಗೆ ಕೊಡೋಣವೆಂದು ಮಗ ಎಷ್ಟು ಹೇಳಿದರೂ ಕೇಳದೆ, ಹಳೆಯ ವೈರಿನೊಳಗಿನ ತಾಮ್ರದ ಎಳೆ ತೆಗೆದು ತಾನೇ ಸುತ್ತಿ ಬಿಗಿದಿದ್ದಳು. "ನಾನು ಹೋದ್ರೂ ಈ ತಂತಿ ಹೋಗಲ್ಲ," ಎಂದು ಬಂದವರಿಗೆಲ್ಲ ತೋರಿಸಿದ್ದಳು. ಆ ತಂತಿಯ ತುದಿ ಯಾವಾಗಲೋ ಸಡಿಲಿ ಹೊರಗೆ ನಿಂತಿತ್ತು. ಈಗ ಅದನ್ನು ಕಣ್ಣ ಹತ್ತಿರ ಹಿಡಿದರೆ ಬರೀ ಹೊಗೆ. ಕಾಣಲೆಂದು ಹಾಕಿಕೊಂಡರೆ ತಂತಿ ಕಿವಿಯ ಪಕ್ಕ. ಲೋಕದ ಎಲ್ಲರ ಹುಳುಕನ್ನೂ ತೋರಿಸುತ್ತಿದ್ದ ಕನ್ನಡಕ ತನ್ನ ಹುಳುಕೊಂದನ್ನು ಮಾತ್ರ ತೋರಿಸಿರಲಿಲ್ಲ. ಅವಳು ಹೆಬ್ಬೆರಳಿಂದ ತಡಕಿದಳು. ಚುಚ್ಚಿತು. ನಂಬಿಕೆ ಬರದೆ ಮತ್ತೆ ತಡಕಿದಳು. ಮತ್ತೆ ಚುಚ್ಚಿತು.

ಆ ಹೊತ್ತಿಗೆ ಭೂಮಿ ಬಾಯಿ ಬಿಟ್ಟಿದ್ದರೆ ಅಜ್ಜಿ ಚಪ್ಪಲಿ ಹುಡುಕುವುದಕ್ಕೂ ನಿಲ್ಲುತ್ತಿರಲಿಲ್ಲ. ಬಿಡಲಿಲ್ಲ. ಮೆಟ್ಟಿಲಲ್ಲಿ ಹೆಜ್ಜೆ ಕೇಳಿತು. ಅವಳು ಎದ್ದು, ಯಾರೋ ದೂಡಿದ ಹಾಗೆ ತೊಟ್ಟಿಲಿಗೆ ಬಗ್ಗಿ, ಕೂಸನ್ನು ಬಲಮಗ್ಗುಲಿಗೆ ತಿರುಗಿಸಿದಳು. ಗೀರಿದ ಕೆನ್ನೆ ದಿಂಬಿನೊಳಗೆ ಹೋಯಿತು. ಮಾಡಿ ಮುಗಿದಮೇಲೆ ತನ್ನ ಕೈಗಳನ್ನು ನೋಡಿಕೊಂಡಳು, ಅವು ಬೇರೆ ಯಾರವೋ ಎಂಬಂತೆ.

"ನೋಡಮ್ಮ, ನಿನ್ನ ಮೊಮ್ಮಗಳು ಹುಡುಗನ ಥರ ಆಗ್ಬಿಟ್ಲು," ಎಂದು ಮಗ ಒಳಗೆ ಬಂದ. "ಕೈಗೆ ಯಾಕೆ ಕಾಲುಚೀಲ ಅಂದ ಕ್ಷೌರದೋನು. ತಮ್ಮನ್ನ ಪರಚ್ತಾಳೆ ಅಂದೆ. ಅಲ್ಲಿ ಕೂತಿದ್ದೋರೆಲ್ಲ ಎದ್ದು ಬಂದು ನೋಡಿದ್ರು, ಅಷ್ಟು ನಗು. ಉಗುರು ರಾಣಿ ಅಂತ ಹೆಸರಿಟ್ರು."

ಮೆಣಸು ನಗಲಿಲ್ಲ. ಕತ್ತಿನ ಹಿಂದೆ ಸಣ್ಣ ಕೂದಲು ಅಂಟಿಕೊಂಡು ತುರಿಸುತ್ತಿತ್ತು. ಕಾಲುಚೀಲದ ಕೈಯಲ್ಲಿ ತಿಕ್ಕಿಕೊಳ್ಳುತ್ತಿದ್ದಳು.

"ಆಮೇಲೆ, ತಮ್ಮನಿಂದ ದೂರ ಇರ್ಲಿ ಅಂತ ಇವಳನ್ನ ಶಿಶುವಿಹಾರಕ್ಕೆ ಸೇರಿಸೋಕೆ ಕೇಳಿದ್ನಲ್ಲ, ಒಪ್ಪಿದ್ರು. ಸೋಮವಾರದಿಂದ ಬೆಳಗ್ಗೆಯಿಂದ ಸಂಜೆತನಕ ಅಲ್ಲೇ ಇರ್ತಾಳೆ. ನಿನಗೂ ಒಂದು ತಲೆನೋವು ಕಮ್ಮಿ. ಇವತ್ತೇನೂ ಇಲ್ಲ ತಾನೆ?"

"ಏನು?"

"ಗೀರು."

"ಮಲಗಿದಾನೆ," ಎಂದಳು ಅಜ್ಜಿ. ಅದು ಸುಳ್ಳಾಗಿರಲಿಲ್ಲ. ಅವಳ ಜನ್ಮದಲ್ಲೇ ಅಷ್ಟು ಚಿಕ್ಕ ಮಾತು ಅದೇ ಮೊದಲು. ಅದಕ್ಕಾದರೂ ಮಗನಿಗೆ ಅನುಮಾನ ಬರಬೇಕಿತ್ತು. ಅವನು ಪಾಳಿಗೆ ಹೊತ್ತಾಯಿತೆಂದು ಟೋಪಿ ತೆಗೆದುಕೊಂಡು ಹೋದ.

ಅಜ್ಜಿ ನೆಲದ ಮೇಲೆ ಕೂತು ಮೆಣಸನ್ನು ಮುಂದೆ ನಿಲ್ಲಿಸಿಕೊಂಡಳು. ತಾನೇ ಹಾಕಿದ ಹೊಲಿಗೆ ಬಿಚ್ಚಲು ಅವಳಿಗೇ ಕತ್ತರಿ ಬೇಕಾಯಿತು. ಕಾಲುಚೀಲ ಕಳಚಿದಾಗ ಒಳಗಿನ ಕೈ ನೀರಲ್ಲಿ ನೆನೆದಂತೆ ಬಿಳುಚಿ ಸುಕ್ಕಾಗಿತ್ತು. ಬೆರಳ ಸಂದಿಯಲ್ಲಿ ನೀಲಿ ನೂಲಿನ ಉಂಡೆ. ಮಣಿಕಟ್ಟಿನ ಸುತ್ತ ಎಲಾಸ್ಟಿಕ್ಕಿನ ಕೆಂಪು ಗೆರೆ, ಕೂಸಿನ ಕೆನ್ನೆಯಲ್ಲಿದ್ದ ಯಾವ ಗೀರಿಗಿಂತಲೂ ಉದ್ದ.

"ನನ್ನ ಬಂಗಾರ," ಎಂದಳು ಅಜ್ಜಿ. ನೂಲನ್ನು ಒಂದೊಂದೇ ಬೆರಳಿಂದ ತೆಗೆದಳು.

ತೊಟ್ಟಿಲಲ್ಲಿ ಬೆಣ್ಣೆ ಎದ್ದು ರಾಗ ತೆಗೆದ. ಅಜ್ಜಿ ಅಭ್ಯಾಸಬಲದಿಂದ ಎದ್ದಳು. ಅಭ್ಯಾಸಬಲದಿಂದಲೇ ಕನ್ನಡಕ ಎದೆಗೆ ಇಳಿಬಿಟ್ಟು ಕೂಸನ್ನು ಎತ್ತಿಕೊಂಡಳು. ಹೆಗಲಿಗೆ ಹಾಕುವಷ್ಟರಲ್ಲಿ ಮೆಣಸು ಓಡಿ ಬಂದಳು. ಕುರ್ಚಿ ಎಳೆದಳು, ಹತ್ತಿದಳು. ಅಜ್ಜಿ ಈ ಸಲ ಅವಳನ್ನು ದೂಡಲಿಲ್ಲ.

ಸುಕ್ಕಾದ ಆ ಪುಟ್ಟ ಕೈ ಮೇಲೆ ಬಂದು, ಕನ್ನಡಕಕ್ಕೂ ತಮ್ಮನ ಕೆನ್ನೆಗೂ ನಡುವೆ ಮೆಲ್ಲಗೆ ತೂರಿತು. ಅಂಗೈ ತಮ್ಮನ ಕಡೆಗೆ, ಕೈಯ ಬೆನ್ನು ತಂತಿಯ ಕಡೆಗೆ. ಅಲ್ಲೇ ನಿಂತಿತು.

ಅಜ್ಜಿ ಆ ಕೈಯನ್ನು ಕಣ್ಣಿನ ಹತ್ತಿರ, ಆಮೇಲೆ ದೂರ ಹಿಡಿದು ನೋಡಿದಳು. ದೂರ ಹಿಡಿದಾಗ ಕಂಡಿತು: ಬೆರಳ ಗೆಣ್ಣುಗಳ ಮೇಲೆ ಒಣಗಿದ ಸಣ್ಣ ಗೀರುಗಳು. ಒಂದಲ್ಲ, ನಾಲ್ಕೈದು.

ಅಜ್ಜಿಯ ಮುಖ ಹೇಗಾಗಿತ್ತೋ ಏನೋ, ಮೆಣಸು ಹೆದರಿದಳು. ಕುರ್ಚಿಯಿಂದ ಇಳಿದಳು. ನೆಲದ ಮೇಲಿದ್ದ ಕಾಲುಚೀಲಗಳನ್ನು ಎತ್ತಿಕೊಂಡು ಬಂದು, ಅಜ್ಜಿಯ ಮುಂದೆ ನಿಂತು, ಎರಡೂ ಕೈ ತಾನೇ ಮುಂದೆ ಚಾಚಿದಳು. ಹಾಕು, ಎಂಬಂತೆ.

ಅಜ್ಜಿ ಕೂಸನ್ನು ತೊಟ್ಟಿಲಿಗೆ ಹಾಕಿದಳು. ಕನ್ನಡಕವನ್ನು ದಾರದ ಸಮೇತ ಕತ್ತಿನಿಂದ ತೆಗೆದು ಮೇಜಿನ ಮೇಲಿಟ್ಟಳು. ಗೋಡೆಗೆ ಒರಗಿ ಕುಸಿದು ಕೂತು, ತನ್ನ ಎರಡೂ ಕೈ ಮೊಮ್ಮಗಳ ಮುಂದೆ ಚಾಚಿದಳು.

"ಇದಕ್ಕೆ ಹಾಕು, ತಾಯಿ."

ಮೆಣಸು ಅಜ್ಜಿಯ ಮುಖ ನೋಡಿದಳು, ಕೈ ನೋಡಿದಳು. ಆಟವೆಂದುಕೊಂಡಳೋ, ನ್ಯಾಯವೆಂದುಕೊಂಡಳೋ, ನಾಲಿಗೆ ಹೊರಗೆ ಹಾಕಿ ಕೆಲಸಕ್ಕೆ ಕೂತಳು. ಪುಟ್ಟ ಕಾಲುಚೀಲ ಮುದುಕಿಯ ಗಂಟು ಬೆರಳಿಗೆ ಹೋಗಬೇಕಲ್ಲ. ಎಳೆದಳು, ಜಗ್ಗಿದಳು, ಕೊನೆಗೆ ಬೆರಳುಗಳ ಅರ್ಧಕ್ಕೆ ಏರಿಸಿ, ಹಿಮ್ಮಡಿಯ ಜಾಗ ಕೋಡಿನಂತೆ ಎದ್ದು ನಿಂತದ್ದನ್ನು ಕಂಡು ಕಿಲಕಿಲ ನಕ್ಕಳು. ಆ ಮನೆಯಲ್ಲಿ ಮೂರು ದಿನದಿಂದ ಅವಳು ನಕ್ಕಿರಲಿಲ್ಲ. ಅದು ಅಜ್ಜಿಗೆ ಈಗ ನೆನಪಾಯಿತು.

ಬಾಗಿಲಲ್ಲಿ ಬೀಗದ ಕೈ ತಿರುಗಿತು. ಸೊಸೆ ಚೀಲ ಕೆಳಗಿಟ್ಟು, ದಿನದಂತೆ ನೇರ ತೊಟ್ಟಿಲಿಗೆ ಹೋದಳು. ಬೆಣ್ಣೆ ಅಂಗಾತ ಮಲಗಿ ಕಾಲು ಬಡಿಯುತ್ತಿದ್ದ. ಕೆನ್ನೆ ಬೆಳಕಿಗೆ ಇತ್ತು.

"ಅಯ್ಯೋ, ಮತ್ತೆ!" ಎಂದಳು. ತಿರುಗಿದವಳ ಕಣ್ಣು ಮಗಳ ಬರಿಗೈಗೆ ಹೋಯಿತು. "ಕಾಲುಚೀಲ ಯಾಕೆ ಬಿಚ್ಚಿದ್ರಿ, ಅತ್ತೆ? ಮತ್ತೆ ಇವಳೇನಾ?"

ಮೆಣಸಿನ ನಗು ನಿಂತಿತು. ಎರಡೂ ಕೈ ಬೆನ್ನ ಹಿಂದೆ ಹೋದವು.

ಅಜ್ಜಿ ಬಾಯಿ ತೆರೆದಳು. ಹದಿನಾಲ್ಕು ಮಕ್ಕಳು ಆ ಬಾಯಲ್ಲಿ ಸಾಲಾಗಿ ಬಂದು ನಿಂತವು. ಒಂದೂ ನೆರವಿಗೆ ಬರಲಿಲ್ಲ. ಇರುವೆ ಎನ್ನಬಹುದಿತ್ತು. ಗೊತ್ತಿಲ್ಲ ಎನ್ನಬಹುದಿತ್ತು. ಸುಮ್ಮನಿದ್ದರೂ ಸಾಕಿತ್ತು, ಸೋಮವಾರ ತಾನಾಗಿ ಬರುತ್ತಿತ್ತು. ಅವಳು ಮೇಜಿನ ಮೇಲಿನ ಕನ್ನಡಕವನ್ನು ಒಮ್ಮೆ ಗದ್ದದಲ್ಲೇ ತೋರಿಸಿ, ಕೋಡು ಎದ್ದ ಎರಡು ನೀಲಿ ಕೈಗಳನ್ನು ಸೊಸೆಯ ಮುಂದೆ ಚಾಚಿದಳು.

"ಕಾಲುಚೀಲ ಈಗ ಯಾರ ಕೈಲಿದೆ ನೋಡು, ಮಗಳೇ," ಎಂದಳು. "ಉಳಿದದ್ದನ್ನ ನನ್ನ ಬಾಯಲ್ಲಿ ಹೇಳಿಸಬೇಡ. ನೀನೇ ಊಹಿಸು."